ಕೊನೆಯ ಪಂದ್ಯದ ಹಿಂದಿನ ಊಟ

ಎಲೆ ಉದುರುವ ಕಾಲದ ಆಟ ಆ ವರ್ಷ ಎಲೆ ಚಿಗುರುವ ಕಾಲಕ್ಕೆ ಬಂತು.

ಪೆನ್ಸಿಲ್ವೇನಿಯಾದ ನಮ್ಮ ನದಿಯಂಚಿನ ಊರಿನಲ್ಲಿ ಫುಟ್‌ಬಾಲ್ ಎಂದರೆ ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ, ಹೆಗಲಿಗೆ ಹೆಗಲು ಡಿಕ್ಕಿ ಹೊಡೆಯುವ ಆಟ. ಅದು ಸೆಪ್ಟೆಂಬರಿನಲ್ಲಿ ಶುರುವಾಗಿ ದೊಡ್ಡ ಹಿಮ ಬೀಳುವ ಮೊದಲು ಮುಗಿಯಬೇಕು. ಕೊರೊನಾ ಬಂದ ವರ್ಷ ಗುಡ್ಡದ ಮೇಲಿನ ನಮ್ಮ ಕಾಲೇಜು ಆ ಪಂದ್ಯಗಳನ್ನೆಲ್ಲ ಕೈಬಿಟ್ಟಿತು. ಮರುವರ್ಷ ಮಾರ್ಚಿನಲ್ಲಿ, ಹಿಮ ಕರಗಿದ ಕೆಸರಿನ ಮೇಲೆ ಬಿಳಿ ಗೆರೆ ಎಳೆದು, ನಾಲ್ಕೇ ನಾಲ್ಕು ಪಂದ್ಯ ಆಡಿಸುತ್ತೇವೆ ಎಂದಿತು. ಮೈದಾನದ ಬೇಲಿಯುದ್ದಕ್ಕೂ ಹಳದಿ ಹೂವು ಅರಳಿತ್ತು. ತಪ್ಪಿ ಬೇರೆಯವರ ಮದುವೆಮನೆಗೆ ಬಂದ ನೆಂಟರ ಹಾಗೆ ಆಟವೂ ಹೂವೂ ಒಂದರ ಮುಖ ಒಂದು ನೋಡುತ್ತಿದ್ದವು.

ನಾಲ್ಕರಲ್ಲಿ ಒಂದು ಪಂದ್ಯ ಎದುರಾಳಿ ತಂಡಕ್ಕೆ ಸೋಂಕು ತಗುಲಿ ರದ್ದಾಯಿತು. ಎರಡನ್ನು ಆಡಿದರು. ಉಳಿದದ್ದು ಒಂದು. ಶನಿವಾರ, ನಮ್ಮದೇ ಮೈದಾನದಲ್ಲಿ, ಆಚೆ ದಡದ ಕಾಲೇಜಿನ ಎದುರು.

ನಮ್ಮೂರಿನ ಹುಡಾಕ್ ದಂಪತಿಯ ಮಗ ಕೋಲ್ಟನ್‌ಗೆ ಅದು ಕಾಲೇಜಿನ ಕೊನೆಯ ಪಂದ್ಯ. ಕೊನೆಯ ವರ್ಷದ ಹುಡುಗರು ಆಟಕ್ಕೆ ಮುಂಚೆ ಅಪ್ಪ ಅಮ್ಮನ ಕೈ ಹಿಡಿದು ಮೈದಾನದ ನಡುವಿನವರೆಗೆ ನಡೆಯುವುದು ಇಲ್ಲಿನ ಪದ್ಧತಿ. ಮೈಕಿನಲ್ಲಿ ಹೆಸರು ಕೂಗುತ್ತಾರೆ, ಅಮ್ಮನಿಗೊಂದು ಹೂವು ಕೊಡುತ್ತಾರೆ. ಕೋಲ್ಟನ್‌ನ ತಾಯಿ ಡಾರ್ಲಿನ್ ಆ ನಡಿಗೆಗಾಗಿ ನಾಲ್ಕು ವರ್ಷ ಕಾದಿದ್ದಳು. ಇನ್ನೊಂದು ವರ್ಷ ಆಡಲು ನಿಯಮದಲ್ಲಿ ಅವಕಾಶವೇನೋ ಇತ್ತು. ಆದರೆ ಮೇ ತಿಂಗಳಿಗೆ ಅವನ ಓದು ಮುಗಿಯುತ್ತಿತ್ತು, ಪಿಟ್ಸ್‌ಬರ್ಗಿನಲ್ಲಿ ಕೆಲಸ ಕಾದಿತ್ತು.

ಕೋಲ್ಟನ್ ಆಡುವುದು ಮುಂದಿನ ಸಾಲಿನಲ್ಲಿ. ಚೆಂಡು ಎಸೆಯುವವನ ಮುಂದೆ ಐದು ಜನ ಭಾರಿ ಆಳುಗಳು ಗೋಡೆಯ ಹಾಗೆ ನಿಲ್ಲುತ್ತಾರೆ. ಯಾರಾದರೂ ಬಿದ್ದರೆ ಆ ಜಾಗಕ್ಕೆ ನಿಲ್ಲಲು ಇಬ್ಬರಾದರೂ ಇರಲೇಬೇಕು, ಇಲ್ಲದಿದ್ದರೆ ಪಂದ್ಯವೇ ಇಲ್ಲ ಎಂಬುದು ಆ ವಸಂತದ ನಿಯಮ. ನಮ್ಮ ತಂಡದಲ್ಲಿ ಅಂಥವರು ಒಟ್ಟು ಎಂಟು ಮಂದಿ.

ಈ ಎಂಟು ಮಂದಿಗೆ ಪ್ರತಿ ಪಂದ್ಯದ ಹಿಂದಿನ ಗುರುವಾರ ಡಾರ್ಲಿನ್ ಮನೆಯಲ್ಲಿ ಊಟ. ಬೆಣ್ಣೆಯಲ್ಲಿ ಹುರಿದ ಎಲೆಕೋಸು, ಅಗಲದ ಶಾವಿಗೆ, ಆಲೂಗಡ್ಡೆ ತುಂಬಿದ ಪಿರೋಗಿ ಕಡುಬು. ಕಾಲೇಜು ಈ ಸಲ ಒಟ್ಟಿಗೆ ಕೂತು ಉಣ್ಣಬಾರದು ಎಂದಿತ್ತು. ಹಾಗಾಗಿ ಅವಳು ಊಟವನ್ನು ಡಬ್ಬಿಗೆ ತುಂಬಿ, ವರಾಂಡದ ಮೆಟ್ಟಿಲ ಮೇಲೆ ಸಾಲಾಗಿ ಇಡುತ್ತಿದ್ದಳು. ಹುಡುಗರು ಒಬ್ಬೊಬ್ಬರಾಗಿ ಬಂದು ಒಯ್ಯುತ್ತಿದ್ದರು.

"ಭಿಕ್ಷುಕರಿಗೆ ಇಟ್ಟ ಹಾಗೆ ಇಡ್ತೀಯಲ್ಲೇ," ಎಂದು ಗೊಣಗಿದ ಗಂಡ ರೇ. "ನನ್ನ ಕಾಲದಲ್ಲಿ ನಾವು ಮೈಯೆಲ್ಲ ಕೆಸರು ಮಾಡ್ಕೊಂಡು, ಒಂದೇ ತಂಬಿಗೇಲಿ ಹತ್ತು ಜನ ನೀರು ಕುಡೀತಿದ್ವಿ. ಯಾರೂ ಸತ್ತಿಲ್ಲ."

ಬೇಲಿಯಾಚೆ ವೆರೋನಿಕಾ ಗುಲಾಬಿ ಗಿಡ ಕತ್ತರಿಸುತ್ತಿದ್ದಳು. ಅವಳು ನಿವೃತ್ತ ನರ್ಸ್. ಯಾರಿಗೆ ಸೋಂಕು ಬಂದಿದೆ, ಅವರು ಯಾರ ಜೊತೆ ಕೂತಿದ್ದರು ಎಂದು ಫೋನಿನಲ್ಲಿ ವಿಚಾರಿಸುವ ಕೆಲಸಕ್ಕೆ ಜಿಲ್ಲೆಯ ಆರೋಗ್ಯ ಕಚೇರಿ ಅವಳನ್ನು ಮತ್ತೆ ಕರೆದಿತ್ತು. ರೇಯೂ ಅವಳೂ ಒಂದೇ ಶಾಲೆಯವರು.

"ರೇ, ಗದ್ದಕ್ಕೆ ಚಳಿ ಆಗ್ತಿದೆಯಾ?" ಎಂದಳು ಅವಳು.

"ಯಾಕೆ?"

"ಮುಖಗವಸು ಅಲ್ಲೇ ನೇತಾಡ್ತಿದೆ. ಮೂಗು ಬಿಟ್ಟು ಗದ್ದ ಕಾಪಾಡ್ತಿದ್ದೀಯ."

"ಎರಡು ನಿಮಿಷ ಹಾಕಿದ್ರೆ ಉಸಿರು ಕಟ್ಟುತ್ತೆ ಮಾರಾಯ್ತಿ."

"ನಾನು ಆಸ್ಪತ್ರೇಲಿ ಮೂವತ್ತು ವರ್ಷ ಹಾಕ್ಕೊಂಡೇ ನಿನ್ನಂಥೋರ ಬೈಗುಳ ಕೇಳಿದೀನಿ. ಉಸಿರು ಚೆನ್ನಾಗೇ ಆಡ್ತಿದೆ ನೋಡು." ಅವಳು ಕತ್ತರಿ ಕೆಳಗಿಟ್ಟಳು. "ಡಾರ್ಲಿನ್, ಮೆಟ್ಟಿಲ ಮೇಲೇ ಇಡು ಕಣೇ. ಇನ್ನೊಂದೇ ವಾರ. ಮುಚ್ಚಿದ ಕೋಣೇಲಿ, ಬಾಯಿ ತೆರೆದು ಮಾತಾಡ್ತಾ ಉಣ್ಣೋದಿದೆಯಲ್ಲ, ಅದಕ್ಕಿಂತ ಸುಲಭವಾಗಿ ಇದು ಇನ್ನೆಲ್ಲೂ ಹಬ್ಬಲ್ಲ."

"ಇಡ್ತೀನಿ," ಎಂದಳು ಡಾರ್ಲಿನ್. ಇಡುವ ಮನಸ್ಸೇ ಅವಳದು.

ಆದರೆ ಕೊನೆಯ ಪಂದ್ಯದ ಹಿಂದಿನ ಗುರುವಾರ ಸಂಜೆ ಮಳೆ ಬಂತು. ಬರಿಯ ಮಳೆಯಲ್ಲ, ಅರ್ಧ ಹಿಮವಾಗಿ ಬೀಳುವ ಮಾರ್ಚಿನ ಮಳೆ. ಎಂಟೂ ಹುಡುಗರು ಹೊರಡಲಾಗದೆ ವರಾಂಡದಲ್ಲಿ ಡಬ್ಬಿ ಹಿಡಿದು ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತರು. ಅವರಲ್ಲಿ ಕಿರಿಯವನು ಮೈಲ್ಸ್, ಮೊದಲ ವರ್ಷದವನು, ದೂರದ ಡೆಲವೇರ್‌ನಿಂದ ಬಂದು ಹಾಸ್ಟೆಲಿನ ಕೋಣೆಯಲ್ಲಿ ಒಬ್ಬನೇ ಉಣ್ಣುತ್ತಿದ್ದವನು. ಅವನ ತುಟಿ ನೀಲಿಯಾಗಿತ್ತು.

ಡಾರ್ಲಿನ್‌ಗೆ ತಡೆಯಲಾಗಲಿಲ್ಲ. ಬಾಗಿಲು ತೆರೆದಳು.

"ಬನ್ನಿ ಒಳಗೆ. ಮಳೆ ನಿಲ್ಲೋವರೆಗೆ ಅಷ್ಟೇ."

"ಹಾಗನ್ನು ಮತ್ತೆ!" ರೇ ಆಗಲೇ ಊಟದ ಮೇಜಿನ ಮಡಿಕೆ ಬಿಚ್ಚಿ ಉದ್ದ ಮಾಡುತ್ತಿದ್ದ. "ಕೊನೇ ಸಲ. ಮಗ ಮತ್ತೆ ಈ ಮೇಜಿಗೆ ಸಾಲಿನವರ ಜೊತೆ ಕೂರ್ತಾನಾ?"

ಕೋಲ್ಟನ್ ಒಂದು ಕ್ಷಣ ಹೊಸ್ತಿಲಲ್ಲೇ ನಿಂತ. "ಅಮ್ಮಾ, ಕೋಚ್‌ಗೆ ಗೊತ್ತಾದ್ರೆ..."

"ಕೋಚ್ ಎಲ್ಲಿ, ಎಲೆಕೋಸಿನ ಪಾತ್ರೇಲಿ ಕೂತಿದ್ದಾನಾ? ಒಳಗೆ ಬಾರೋ," ಎಂದ ರೇ.

ಮೇಜಿನ ಸುತ್ತ ಕೈ ಕೈ ಹಿಡಿದು ಪ್ರಾರ್ಥನೆ ಆಯಿತು. ಆಮೇಲೆ ಸಾಲಿನವರ ಹಳೆಯ ಕಟ್ಟಳೆ: ಕಿರಿಯ ಹುಡುಗ ಕುರ್ಚಿಯ ಮೇಲೆ ಹತ್ತಿ ನಿಂತು, ಗಂಟಲು ಬಿಚ್ಚಿ ಕಾಲೇಜಿನ ಹಾಡು ಹಾಡಬೇಕು. ಹಾಡದೆ ಊಟವಿಲ್ಲ. ವರಾಂಡದ ದಿನಗಳಲ್ಲಿ ಇದು ನಿಂತೇಹೋಗಿತ್ತು. ಮೈಲ್ಸ್ ಒಮ್ಮೆಯೂ ಹಾಡಿರಲಿಲ್ಲ.

"ಗಂಟಲು ಸ್ವಲ್ಪ ಕೆರೀತಿದೆ," ಎಂದ ಅವನು ನಾಚುತ್ತ. "ಹೂವಿನ ಧೂಳು ಅನ್ಸುತ್ತೆ. ನಂಗೆ ಪ್ರತಿ ವಸಂತದಲ್ಲೂ ಆಗುತ್ತೆ."

"ನೆಪ, ನೆಪ!" ಎಂದು ಏಳೂ ಮಂದಿ ಮೇಜು ಕುಟ್ಟಿದರು.

ಅವನು ಹಾಡಿದ. ಅಪಸ್ವರದಲ್ಲಿ, ಕಣ್ಣು ಮುಚ್ಚಿಕೊಂಡು, ಎಲ್ಲರ ತಲೆಗಿಂತ ಎತ್ತರದಲ್ಲಿ ನಿಂತು. ಕಿಟಕಿಯ ಗಾಜು ಮಂಜಾಗಿ ಹೊರಗಿನ ದೀಪಗಳು ಬಂಗಾರದ ಗುಂಡುಗಳಂತೆ ಕಂಡವು. ಅಷ್ಟು ನಗು ಆ ಮನೆಯಲ್ಲಿ ಒಂದು ವರ್ಷದಿಂದ ಕೇಳಿರಲಿಲ್ಲ. ಆ ಸಂಜೆಯೇನೂ ಕೆಟ್ಟದ್ದಾಗಿರಲಿಲ್ಲ, ಅದೇ ಅದರ ದುಃಖ.

ತಂಡಕ್ಕೆಲ್ಲ ಗುರುವಾರ ಬೆಳಿಗ್ಗೆ ಮೂಗಿನ ಪರೀಕ್ಷೆ ಮಾಡಿದ್ದರು. ಶುಕ್ರವಾರ ಮಧ್ಯಾಹ್ನ ಫಲಿತಾಂಶ ಬಂತು. ಮೈಲ್ಸ್‌ಗೆ ಸೋಂಕು. ಸಂಜೆ ಹುಡಾಕ್ ಮನೆಯ ಫೋನು ರಿಂಗಾಯಿತು.

"ಡಾರ್ಲಿನ್, ನಾನು ವೆರೋನಿಕಾ. ಪಕ್ಕದ ಮನೆಯವಳಾಗಿ ಫೋನ್ ಮಾಡ್ತಿಲ್ಲ, ಕೆಲಸದ ಮೇಲೆ ಮಾಡ್ತಿದ್ದೀನಿ. ನಿನ್ನೆ ಊಟ ತಗೊಳ್ಳೋಕೆ ನಿಮ್ಮನೆಗೆ ಬಂದಿದ್ದೆ ಅಂತ ಮೈಲ್ಸ್ ಹೇಳಿದ. ಮಿಕ್ಕಿದ್ದಕ್ಕೆ ಬಾಯಿ ಬಿಡ್ತಿಲ್ಲ ಹುಡುಗ. ನಿಮಗೆಲ್ಲ ತೊಂದರೆ ಆಗುತ್ತೆ ಅಂತ ಅಳ್ತಿದ್ದಾನೆ. ಒಳಗೆ ಕೂತಿದ್ರಾ?"

ಡಾರ್ಲಿನ್ ಫೋನಿನ ಬಾಯಿಗೆ ಅಂಗೈ ಮುಚ್ಚಿ ಗಂಡನ ಕಡೆ ತಿರುಗಿದಳು. "ಮೈಲ್ಸ್‌ಗೆ ಬಂದಿದೆಯಂತೆ. ಒಳಗೆ ಕೂತಿದ್ರಾ ಅಂತ ಕೇಳ್ತಿದ್ದಾಳೆ."

"ಮೆಟ್ಟಿಲಿಂದ ತಗೊಂಡು ಹೋದ ಅನ್ನು," ರೇ ಪಿಸುಗುಟ್ಟಿದ. "ಮೈಲ್ಸ್ ಒಬ್ಬನೇ ಕೋಣೇಲಿ ಕೂರ್ತಾನೆ. ಇನ್ನೂ ಏಳು ಜನ ಉಳೀತಾರೆ. ಪಂದ್ಯ ನಡೆಯುತ್ತೆ."

"ಅದು ಸುಳ್ಳಾಗುತ್ತಲ್ಲ, ರೇ."

"ನಾಳೆ ಒಂದು ದಿನದ ಸುಳ್ಳು ಕಣೇ! ಸೋಮವಾರ ನಾನೇ ಹೋಗಿ ಹೇಳ್ತೀನಿ. ನಾಲ್ಕು ವರ್ಷ ಕಾದಿದ್ದೀಯ, ಆ ಹೂವು ಬೇಡ್ವಾ ನಿಂಗೆ?"

ಬೇಕಿತ್ತು. ಕೋಲ್ಟನ್ ಮಹಡಿಯ ಮೆಟ್ಟಿಲ ಬಳಿ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ. ಅವನು ಏನಾದರೂ ಹೇಳಲಿ ಎಂದು ಅವಳು ಕಾದಳು.

"ಅಪ್ಪಾ," ಎಂದ ಕೋಲ್ಟನ್. "ನಾವು ಎದುರು ಸಾಲಿನೋರ ಮುಖಕ್ಕೆ ಮುಖ ಕೊಟ್ಟು ನಿಲ್ತೀವಿ. ಅವರ ಬಾಯಿಯ ಚೂಯಿಂಗ್ ಗಮ್ ವಾಸನೆ ನಂಗೆ ಬರುತ್ತೆ. ಇಡೀ ಮಧ್ಯಾಹ್ನ ಅಷ್ಟು ಹತ್ತಿರ. ಅವರಿಗೂ ಮನೇಲಿ ಅಮ್ಮ, ಅಜ್ಜಿ ಇರ್ತಾರೆ."

"ನಿಂಗೇನೂ ಆಗಿಲ್ವಲ್ಲೋ!"

"ನಿನ್ನೆ ಮೈಲ್ಸ್‌ಗೂ ಏನೂ ಆಗಿರ್ಲಿಲ್ಲ."

ಡಾರ್ಲಿನ್ ಅಂಗೈ ತೆಗೆದಳು. "ವೆರೋನಿಕಾ, ಮಳೆ ಬರ್ತಿತ್ತು. ಒಳಗೆ ಕರೆದೆ. ಎಂಟೂ ಜನ ಕೂತು ಉಂಡ್ರು. ಹಾಡಿದ್ರು ಕೂಡ." ಆಮೇಲೆ ಒಂದೊಂದೇ ಹೆಸರು ಹೇಳಿದಳು. ಮಗನ ಹೆಸರು ಕೊನೆಗೆ ಬಂತು.

"ನಂಗೆ ತುಂಬ ಬೇಜಾರಾಗ್ತಿದೆ ಕಣೇ," ಎಂದಳು ವೆರೋನಿಕಾ. "ಎರಡು ವಾರ ಎಲ್ಲರೂ ಅವರವರ ಕೋಣೇಲೇ ಇರಬೇಕು. ನೀವೂ ಅಷ್ಟೇ, ಮೂರು ಜನ ಮೂರು ಕಡೆ. ಹಾಲು, ಬ್ರೆಡ್ಡು ನಾನು ಬಾಗಿಲಲ್ಲಿ ಇಟ್ಟು ಹೋಗ್ತೀನಿ."

ಪಂದ್ಯ ರದ್ದಾಯಿತು. ಮತ್ತೊಂದು ದಿನಕ್ಕೆ ಹೋಗಲಿಲ್ಲ, ದಿನಗಳೇ ಉಳಿದಿರಲಿಲ್ಲ.

ಶನಿವಾರ ಬಿಸಿಲು ಬಂತು. ಆ ಬಿಸಿಲು ಕಾಣದಂತೆ ಡಾರ್ಲಿನ್ ಪರದೆ ಎಳೆದಳು. ಆಟ ಶುರುವಾಗಬೇಕಿದ್ದ ಹೊತ್ತಿಗೆ ರೇ ಕಿಟಕಿಯಿಂದ ಮಗನನ್ನು ಕೂಗಿದ. "ಕೋಲ್ಟನ್, ಜರ್ಸಿ ಹಾಕ್ಕೊಂಡು ಹಿತ್ತಲಿಗೆ ಬಾರೋ. ನಾವು ಈ ತುದಿ, ನೀನು ಆ ತುದಿ. ನಾನೇ ಹೆಸರು ಕೂಗ್ತೀನಿ. ನಡೆಯೋಣ."

"ಬೇಡಪ್ಪಾ," ಎಂದ ಕೋಲ್ಟನ್ ಮುಚ್ಚಿದ ಬಾಗಿಲ ಹಿಂದಿನಿಂದ. "ಅದು ಮೈದಾನ ಅಲ್ಲ."

ರೇ ಕಿಟಕಿ ಮುಚ್ಚಿದ.

ಭಾನುವಾರ ರೇಗೆ ಮೈ ಬಿಸಿಯಾಯಿತು. ಬುಧವಾರದ ಹೊತ್ತಿಗೆ ಅವನಿಗೂ, ಸಾಲಿನ ಇನ್ನೂ ಮೂವರು ಹುಡುಗರಿಗೂ ಸೋಂಕು ಎಂದು ಗೊತ್ತಾಯಿತು. ಹುಡುಗರು ಬೇಗ ಚೇತರಿಸಿಕೊಂಡರು. ರೇ ಆಸ್ಪತ್ರೆ ಸೇರಿದ, ಮೂಗಿಗೆ ಆಮ್ಲಜನಕದ ನಳಿಗೆ ಬಂತು. ಡಾರ್ಲಿನ್ ಒಳಗೆ ಹೋಗುವ ಹಾಗಿರಲಿಲ್ಲ.

ಒಂದು ಮಧ್ಯಾಹ್ನ ಅವನು ವೆರೋನಿಕಾಗೆ ಫೋನು ಮಾಡಿದ. ಮಾತಿನ ನಡುನಡುವೆ ಉಸಿರು ಎಳೆದುಕೊಳ್ಳುತ್ತಿದ್ದ.

"ಆ ಮೂವರು ಹುಡುಗರು... ಶನಿವಾರ ಆಡಿದ್ದಿದ್ರೆ?"

"ಆಚೆ ದಡದ ಹುಡುಗರಿಗೂ ಹತ್ತಬಹುದಾಗಿತ್ತು, ರೇ. ಅಲ್ಲಿಂದ ಅವರ ಮನೆಗಳಿಗೆ."

"ನಾನು ಸುಳ್ಳು ಹೇಳು ಅಂದಿದ್ದೆ."

"ಗೊತ್ತು. ಫೋನಿಗೆ ಕೈ ಅಡ್ಡ ಇಟ್ಟಿದ್ರೂ ನಿನ್ನ ಪಿಸುಮಾತು ನದಿ ಆಚೆಗೂ ಕೇಳುತ್ತೆ."

ಅವನು ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಂತ ಮೇಲೆ ಹೇಳಿದ: "ಆಚೆ ಕಾಲೇಜಿನಲ್ಲೂ ಕೊನೇ ವರ್ಷದ ಹುಡುಗರು ಇದ್ರು ಅಲ್ವಾ? ನಮ್ಮನೆ ಊಟದಿಂದ ಅವರಿಗೂ ಪಂದ್ಯ ಹೋಯ್ತು. ಇದು ಇಷ್ಟು ದಿನ ನನ್ನ ತಲೆಗೇ ಬಂದಿರ್ಲಿಲ್ಲ ಕಣೇ."

"ಮೊದಲು ಹುಷಾರಾಗಿ ಮನೆಗೆ ಬಾ," ಎಂದಳು ವೆರೋನಿಕಾ.

ರೇ ಮನೆಗೆ ಬಂದ. ಲಸಿಕೆಯ ಸರದಿ ಬಂದಾಗ, ಯಾರೂ ಹೇಳುವ ಮೊದಲೇ, ಹೆಂಡತಿಯನ್ನೂ ಮಗನನ್ನೂ ಟ್ರಕ್ಕಿನಲ್ಲಿ ಕೂರಿಸಿಕೊಂಡು ಹೋಗಿ ಸಾಲಿನಲ್ಲಿ ನಿಂತ. ಅಲ್ಲೊಬ್ಬ ಗೆಳೆಯ ಮುಖಗವಸನ್ನು ಗದ್ದಕ್ಕೆ ಇಳಿಸಿದ್ದನ್ನು ಕಂಡು, "ಮೂಗಿನ ಮೇಲೆ ಎಳ್ಕೊಳ್ಳೋ" ಎಂದು ಗದರಿದ. ಮೈಲ್ಸ್‌ನನ್ನು ಮನೆಗೆ ಕರೆದು, ತೆರೆದ ವರಾಂಡದಲ್ಲಿ ಕೂರಿಸಿ, ತಪ್ಪು ನಿನ್ನದಲ್ಲ ಮಗಾ, ಬಾಗಿಲು ತೆರೆದವರು ನಾವು ಎಂದ.

ಮುಂದಿನ ಸೆಪ್ಟೆಂಬರಿಗೆ ಆಟ ತನ್ನ ಕಾಲಕ್ಕೆ ಮರಳಿತು. ಡೋಲು, ತುತ್ತೂರಿ, ಜನ ತುಂಬಿದ ಗ್ಯಾಲರಿಯ ಮೆಟ್ಟಿಲುಗಳು. ನವೆಂಬರಿನ ಕೊನೆಯ ಪಂದ್ಯದ ದಿನ ಹುಡಾಕ್ ಮನೆಯ ಮೂವರೂ ಜನರ ನಡುವೆ ಕೂತಿದ್ದರು. ಬೇರೆ ಹುಡುಗರು ಅಮ್ಮಂದಿರ ಕೈ ಹಿಡಿದು ಮೈದಾನದ ನಡುವೆ ನಡೆದರು. ಪ್ರತಿ ಹೆಸರಿಗೂ ಡಾರ್ಲಿನ್ ಚಪ್ಪಾಳೆ ತಟ್ಟಿದಳು. ಕೋಲ್ಟನ್ ಜೇಬಿನಲ್ಲಿ ಕೈ ಇಟ್ಟುಕೊಂಡು ನೋಡುತ್ತಿದ್ದ. ಅವನ ಹೆಸರನ್ನು ಯಾರೂ ಕೂಗಲಿಲ್ಲ, ಇನ್ನು ಕೂಗುವುದೂ ಇಲ್ಲ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿನಲ್ಲಿ ಇದು ಕಬಡ್ಡಿ ಪಂದ್ಯವಿರಬಹುದು, ಮಗಳ ಶಾಲೆಯ ವಾರ್ಷಿಕೋತ್ಸವವಿರಬಹುದು, ಮದುವೆಯ ಪಂಕ್ತಿಯಿರಬಹುದು. ಹರಡುವ ರೋಗ ಊರಿಗೆ ಬಂದಾಗ, ಕೆರೆಯುವ ಗಂಟಲನ್ನು ಧೂಳಿನ ಮೇಲೆ ಹಾಕಿ ಸುಮ್ಮನಾಗಬೇಡಿ. ಪರೀಕ್ಷೆ ಮಾಡಿಸಿ, ಫಲಿತಾಂಶ ಬರುವವರೆಗೆ ಮನೆಯಲ್ಲೇ ಇರಿ. ಮೂಗು ಬಾಯಿ ಎರಡನ್ನೂ ಮುಖಗವಸಿನಿಂದ ಮುಚ್ಚಿ. ಪ್ರೀತಿಯವರಿಗೆ ಊಟವನ್ನು ಡಬ್ಬಿಯಲ್ಲಿ ಕೊಡಿ, ಚಳಿಯಾದರೆ ಒಂದು ಕಂಬಳಿಯನ್ನೂ ಕೊಡಿ, ಆದರೆ ಮುಚ್ಚಿದ ಕೋಣೆಯಲ್ಲಿ ಒಟ್ಟಿಗೆ ಕೂರಿಸಬೇಡಿ. ಯಾರ ಜೊತೆ ಕೂತಿದ್ದಿರಿ ಎಂದು ಆರೋಗ್ಯ ಕಾರ್ಯಕರ್ತೆ ಕೇಳಿದರೆ, ನಿಮ್ಮ ಮಗನದೂ ಸೇರಿಸಿ ಎಲ್ಲ ಹೆಸರನ್ನೂ ಹೇಳಿ. ಆಟದ ಕಾಲ ವರ್ಷವರ್ಷವೂ ಬರುತ್ತದೆ. ಆದರೆ ಒಬ್ಬ ಹುಡುಗನ ಕೊನೆಯ ಪಂದ್ಯ ಒಂದೇ ಸಲ ಬರುತ್ತದೆ. ಅದನ್ನು ಅವನಿಗೆ ಉಳಿಸಿಕೊಡಿ.