ಅಲ್ಲಾಡಬಾರದು

ಕನ್ನಡಿಯೊಳಗೆ ಎರಡು ಪಾದ, ಅಂಗೈಯಗಲದ ಕನ್ನಡಿ, ಮುಖಕ್ಕೆ ಕವಿಚಿದ ಪಂಜರದ ಮೇಲೆ ಓರೆಯಾಗಿ ಸಿಕ್ಕಿಸಿದ್ದಾರೆ, ಅದರಲ್ಲಿ ಕೊಳವೆಯ ಆಚೆ ತುದಿಯ ಬೆಳಕು, ಬೆಳಕಿನಲ್ಲಿ ನನ್ನವೇ ಪಾದಗಳು, ಯಾರದೋ ಅನ್ನಿಸುವಷ್ಟು ದೂರ — ಎಡಗಾಲು ನೆಟ್ಟಗಿದೆ, ಬಲಗಾಲು ಹೊರಕ್ಕೆ ವಾಲಿಕೊಂಡು ಮಲಗಿಬಿಟ್ಟಿದೆ, ಸೋಮಾರಿ, ನಲವತ್ತು ದಿನದಿಂದ ಹೀಗೇ, ಎಷ್ಟು ಬೈದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅಲ್ಲಾಡಬಾರದು ಅಮ್ಮ, ಅರ್ಧ ಗಂಟೆ ಒಂಚೂರೂ ಅಲ್ಲಾಡಬಾರದು, ತಲೆ ಅಲ್ಲಾಡಿದ್ರೆ ಚಿತ್ರ ಕೆಟ್ಟುಹೋಗತ್ತೆ, ಎಂದಿದ್ದಳು ಸ್ಕ್ಯಾನಿಂಗ್ ಮಾಡುವಾಕೆ, ಕನ್ನಡಕವನ್ನು ನೆತ್ತಿಗೇರಿಸಿಕೊಂಡು, ಮೈಮೇಲೆ ಲೋಹ ಏನಾದ್ರೂ ಇದೆಯಾ? ಏನೂ ಇಲ್ಲ ಕಣಮ್ಮ, ಓಲೆ ಬಿಚ್ಚಿ ಅಕ್ಕನ ಕೈಗೆ ಕೊಟ್ಟಾಯ್ತು, ಎಂದೆ ಠೀವಿಯಿಂದ, ಅವಳಿಗೆ ನಂಬಿಕೆ ಬರಲಿಲ್ಲ, ರವಿಕೆಯ ಕಾಲರಿನ ಕೆಳಗೆ ಬೆರಳಾಡಿಸಿ ಒಂದು ಗುಂಡುಪಿನ್ನು ತೆಗೆದಳು, ಇನ್ನೊಂದು, ಮತ್ತೊಂದು, ಕೊನೆಗೆ ದಾರ ಪೋಣಿಸಿಯೇ ಇದ್ದ ಸೂಜಿ, ಅಯ್ಯೋ ದೇವರೇ ಇವೆಲ್ಲ ಒಳಗೆ ಹೋಗಿದ್ರೆ ಅಯಸ್ಕಾಂತಕ್ಕೆ ಬಾಣದ ಥರ ಹಾರ್ತಿದ್ವು ಅಮ್ಮ, ಏನ್ ಕೆಲ್ಸ ನಿಮ್ದು? ಅಕ್ಕನೇ ಬಾಗಿಲಿಂದ ಕೂಗಿದಳು, ಟೈಲರ್ರು ಕಣಮ್ಮ, ಇವಳನ್ನ ಸುಟ್ರೂ ಬೂದೀಲಿ ಸೂಜಿ ಸಿಗತ್ತೆ. ಕೂಗಿ ನಕ್ಕಳು, ನಕ್ಕಿದ್ದು ಸುಳ್ಳು, ನನಗೆ ಗೊತ್ತಿಲ್ಲವೇ ಅವಳ ನಗು, ನನ್ನ ಓಲೆಗಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಮುಷ್ಟಿ ಬೆಳ್ಳಗಾಗಿತ್ತು. ಈಗ ಹೊರಗೆ ಬೆಂಚಿನ ಮೇಲೆ ಕೂತಿರುತ್ತಾಳೆ.

ಢಣ್ ಢಣ್ ಢಣ್ — ಶುರುವಾಯಿತು, ತಲೆಗೆ ಯಾರೋ ಕಬ್ಬಿಣದ ಡಬ್ಬ ಕವಿಚಿ ಸುತ್ತಿಗೆಯಲ್ಲಿ ಬಡಿಯುತ್ತಿದ್ದಾರೆ, ಉಸಿರಾಡು, ಉಸಿರಾಡಬಹುದು, ಅದಕ್ಕೆ ಅಡ್ಡಿಯಿಲ್ಲ ಅಂದಿದ್ದಾಳೆ, ರೆಪ್ಪೆ ಬಡಿಯಬಹುದು, ಪಾದ ನೋಡಿಕೋ, ಬಲಗಾಲೇ, ನೀನೇ ತಾನೇ ಇಷ್ಟಕ್ಕೆಲ್ಲ ಕಾರಣ, ಅಂಗಡಿಯಿಂದ ಮನೆಯವರೆಗೆ ಒಂದೇ ಚಪ್ಪಲಿಯಲ್ಲಿ ನಡೆದು ಬಂದಿದ್ದೆ ಅವತ್ತು, ಬಲಗಾಲಿನದು ಎಲ್ಲಿ ಕಳಚಿತೋ ತಿಳಿಯಲೇ ಇಲ್ಲ, ಅಕ್ಕ ಹೊಸ್ತಿಲಲ್ಲಿ ನೋಡಿ, ಇದೇನೇ ಅವತಾರ, ಎಂದಳು, ಆಮೇಲೆ ಕೆಳಗೆ ಕೂತು ನನ್ನ ಬರಿಗಾಲಿನ ಮಣ್ಣನ್ನು ಸೆರಗಿನಲ್ಲಿ ಒರೆಸಿದಳು. ಮರುದಿನ ಪೆಡಲಿನ ಮೇಲೆ ಕಾಲಿಟ್ಟರೆ ಕಾಲು ಎಲ್ಲಿದೆಯೆಂದೇ ಗೊತ್ತಾಗುತ್ತಿಲ್ಲ, ಒಂದು ತೋಳಿನ ಹೊಲಿಗೆ ಅಡ್ಡಾದಿಡ್ಡಿ ಓಡಿ ಕಾಲರಿಗೇ ಹತ್ತಿತು, ನಾನು, ಬೀದಿಯವರೆಲ್ಲ ಟಕಟಕಮ್ಮ ಎಂದು ಕರೆಯುವ ನಾನು, ಮೆಷಿನ್ನಿನ ಸದ್ದು ಕೇಳಿಯೇ ಅಂಗಡಿ ತೆರೆದಿದೆ ಎಂದು ತಿಳಿದುಕೊಳ್ಳುತ್ತಿದ್ದರು ಜನ. ಡಾಕ್ಟರು ಬೀಗದ ಕೈಯಿಂದ ಅಂಗಾಲು ಗೀರಿ, ಹೆಬ್ಬೆರಳು ಮೇಲಕ್ಕೆತ್ತಿ, ಎಂದರು, ನಾನು ಎತ್ತಿದೆ, ಎತ್ತಿದ್ರಾ ಎಂದು ಕೇಳಿದರು, ಹೂಂ ಎಂದೆ, ಬಗ್ಗಿ ನೋಡಿದರೆ ಬೆರಳು ಇದ್ದಲ್ಲೇ ಇತ್ತು, ನಾಚಿಕೆಯಾಯಿತು, ಸುಳ್ಳು ಹೇಳಿ ಸಿಕ್ಕಿಬಿದ್ದವಳ ಹಾಗೆ. ತಲೆಯದೊಂದು ಸ್ಕ್ಯಾನಿಂಗ್ ಮಾಡಿಸ್ಕೊಂಡು ಬನ್ನಿ, ಆಮೇಲೆ ಮಾತಾಡೋಣ. ಆಮೇಲೆ ಏನು ಮಾತಾಡುವುದು? ಅಕ್ಕ ಅವತ್ತೇ ಮಾತಾಡಿ ಮುಗಿಸಿದಳು, ಸಾಕು ಬಿಡೆ, ನಲವತ್ತು ವರ್ಷ ನಾನು ಕತ್ತರಿಸಿದ್ದು ನೀನು ಹೊಲಿದಿದ್ದು ಸಾಲದಾ, ಹೊಲಿಗೆ ಕಲಿಸೋ ಶಾಲೆಯವರು ಶನಿವಾರ ಬರ್ತಾರೆ, ಮೆಷಿನ್ನು ಕೊಟ್ಬಿಡೋಣ, ಒಳ್ಳೇ ಕಡೆ ಸೇರತ್ತೆ. ಮೋಟರು ಹಾಕಿಸೋಣ ಕಣೇ ಎಂದರೆ, ಮೋಟರಿಗೂ ಕಾಲು ಬೇಡ್ವೇನೇ ಪೆದ್ದೀ. ಇವತ್ತು ಗುರುವಾರ.

ಢಣ್ ಢಣ್ ನಿಂತಿತು, ಕಿವಿಗೆ ಹಾಕಿದ ಹೆಡ್‌ಫೋನಿನಲ್ಲಿ ಸ್ಕ್ಯಾನಿಂಗಿನವಳ ದನಿ, ಅಮ್ಮ, ಹೆದರ್ಕೊಂಡ್ರಾ, ಹಾಡು ಹಾಕ್ಲಾ, ಹಳೇ ಸಿನಿಮಾದ್ದಿದೆ, ಹೊಸದಿದೆ, ಸುಮ್ನೆ ನೀರು ಹರಿಯೋ ಸದ್ದೂ ಇದೆ — ಏನಾದ್ರೂ ಹಾಕಮ್ಮ, ಅಂಗಡೀಲಿ ಹಾಡು ಆರಿಸೋದೆಲ್ಲ ನಮ್ಮಕ್ಕ. ಹಾಗಾದ್ರೆ ನಾನೊಂದು ಹೇಳ್ಲಾ, ಎಂದಳು. ಮಿಕ್ಕ ಹಾಡುಗಳು ಈ ಬಡಿತದ ಜೊತೆ ಜಗಳಕ್ಕೆ ಬೀಳ್ತವೆ ಅಮ್ಮ, ಇದೊಂದು ಅದನ್ನೂ ಒಳಗೆ ಕರ್ಕೊಳ್ಳತ್ತೆ, ಜಾಝ್ ಅಂತಾರೆ, ಇಲ್ಲಿಗೆ ಒಬ್ರು ತಾತ ಬರ್ತಿದ್ರು, ಆರು ತಿಂಗಳಿಗೊಂದ್ಸಲ, ಅವರೇ ನಂಗೆ ಹಚ್ಚಿದ್ದು, ಕೇಳು ಮಗಳೇ ಅಂತ ಡಿಸ್ಕು ಇಲ್ಲೇ ಬಿಟ್ಟು ಹೋದ್ರು, ಆಮೇಲೆ ಬರ್ಲಿಲ್ಲ, ಇಷ್ಟ ಆಗ್ಲಿಲ್ಲ ಅಂದ್ರೆ ಕೈಲಿರೋ ರಬ್ಬರ್ ಗುಂಡು ಹಿಸುಕಿ, ಬದಲಾಯಿಸ್ತೀನಿ. ಮತ್ತೆ ಬಡಿತ, ಈ ಸಲ ಬೇರೆ ಥರ, ಡಗ್ ಡಗ್ ಡಗ್, ಅದರ ಹಿಂದೆ ತೆಳ್ಳಗೆ, ಬಾಗಿಲಾಚೆಯಿಂದ ಬಂದಂತೆ, ತಟ್ಟೆಯ ಮೇಲೆ ಕಡ್ಡಿ ಆಡುವ ಸದ್ದು, ಚಿಂಗ್ ಚಿಕಿಚಿಂಗ್, ಅಲಲಾ, ಇದೇನು, ಇದು ಕುಂಟುತ್ತಿದೆ, ಬೆಲ್ಟು ಸಡಿಲವಾದ ಮೆಷಿನ್ನು ಹೀಗೇ ಓಡುವುದು, ಒಂದು ಉದ್ದ ಒಂದು ಗಿಡ್ಡ, ಒಂದು ಉದ್ದ ಒಂದು ಗಿಡ್ಡ, ನಾನಾಗಿದ್ದರೆ ಬೆಲ್ಟು ಬಿಚ್ಚಿ ಅರ್ಧ ಬೆರಳಷ್ಟು ಕತ್ತರಿಸಿ ಮತ್ತೆ ಕೊಂಡಿ ಹಾಕಿ ಸರಿಮಾಡಿಬಿಡುತ್ತಿದ್ದೆ, ಗುಂಡು ಹಿಸುಕಲೇ — ಹಿಸುಕಬೇಕು, ಆದರೆ ತಡಿ, ಕುಂಟುತ್ತಿಲ್ಲ ಅದು, ಬೇಕೆಂದೇ ಹಾಗೆ ನಡೆಯುತ್ತಿದೆ, ಅರೇ, ನಡೆಯುವುದಲ್ಲ ಕುಣಿಯುತ್ತಿದೆ, ಮತ್ತೆ ಆ ದರಿದ್ರ ಡಗ್ ಡಗ್ ಅದರ ನಡುವೆ ಹೋಗಿ ಕೂತುಬಿಟ್ಟಿದೆ, ಕರೆದರು, ಬಾ ಕೂತ್ಕೋ ಎಂದರು, ಕೂತಿತು, ಈಗ ಯಾವುದು ಆಸ್ಪತ್ರೆಯ ಮೆಷಿನ್ನು ಯಾವುದು ಡ್ರಮ್ಮು ನನಗೆ ತಿಳಿಯುತ್ತಿಲ್ಲ. ಆಮೇಲೆ ಒಬ್ಬ ತುತ್ತೂರಿಯಂಥದ್ದೇನೋ ಊದತೊಡಗಿದ, ಯಾರೋ ಗೊತ್ತಿಲ್ಲ, ಉಸಿರೇ ಕೇಳುತ್ತದೆ, ತುಟಿ ಒದ್ದೆಯಾಗಿರುವುದು ಕೇಳುತ್ತದೆ, ಒಂದು ರಾಗ ಹೇಳಿ ಮುಗಿಸಿದ, ಚೆನ್ನಾಗಿತ್ತು, ಅಲ್ಲಿಗೆ ಬಿಡಬಾರದೇ, ಇಲ್ಲ, ಅದನ್ನು ಬಿಟ್ಟು ಎಲ್ಲೋ ಹೊರಟ, ಅಕ್ಕ ಸೀಮೆಸುಣ್ಣದ ಗೆರೆಯಿಲ್ಲದೆ ಕತ್ತರಿ ಹಾಕಿದವಳಲ್ಲ, ಇವನು ಗೆರೆಯೇ ಇಲ್ಲದ ಬಟ್ಟೆಯಲ್ಲಿ ಕಣ್ಣು ಮುಚ್ಚಿಕೊಂಡು ಕತ್ತರಿಸುತ್ತಾ ಹೋದ, ಅಯ್ಯೋ ಅಯ್ಯೋ ಬಟ್ಟೆ ಹಾಳಾಯಿತು, ದಾರಿ ತಪ್ಪಿದ, ಇನ್ನು ಮನೆಗೆ ಬರುವುದಿಲ್ಲ ಇವನು, ಎಂದುಕೊಳ್ಳುವಷ್ಟರಲ್ಲಿ ತೋಳು ತೋಳಿನ ಜಾಗಕ್ಕೆ ಬಂದು ಕೂತಿತು, ಒಂದು ಎಳೆ ಆಚೀಚೆ ಇಲ್ಲ, ಮೈ ಜುಮ್ಮೆಂದಿತು, ಅಯ್ಯಬ್ಬಾ, ಐವತ್ತೆಂಟು ವರ್ಷ ಎಲ್ಲಿತ್ತು ಇದು? ಯಾರ ಮನೆಯಲ್ಲಿ ಬಚ್ಚಿಟ್ಟಿದ್ದರು? ನಾನು ಹೊಲಿಯುತ್ತಾ ಕೂತಿದ್ದ ಅಷ್ಟೂ ಮಧ್ಯಾಹ್ನಗಳಲ್ಲಿ ಎಲ್ಲೋ ಯಾರೋ ಹೀಗೆ ಊದುತ್ತಲೇ ಇದ್ದರು, ನನಗೆ ಒಬ್ಬರೂ ಹೇಳಲಿಲ್ಲ, ಹೇಳಿದವಳು ಇವಳು, ಇವಳಿಗೆ ಹೇಳಿದವರು ಆ ತಾತ, ಅವರೂ ಇಲ್ಲೇ ಹೀಗೇ ತಲೆಗೆ ಪಂಜರ ಹಾಕಿಸಿಕೊಂಡು ಇದೇ ಕನ್ನಡಿಯಲ್ಲಿ ತಮ್ಮ ಪಾದ ನೋಡುತ್ತಾ ಕೇಳಿರಬೇಕು. ಅಕ್ಕನಿಗೆ ಹೇಳಬೇಕು. ಹೇಗೆ ಹೇಳುವುದು, ಅಕ್ಕಾ ಒಂದು ಹಾಡು ಕೇಳು ಎಂದರೆ ಮೂಗು ಮುರಿಯುತ್ತಾಳೆ, ಇದೇನೇ ಇದು ಅಡುಗೆಮನೇಲಿ ಬೆಕ್ಕು ನುಗ್ಗಿದ ಹಾಗಿದೆ, ಎನ್ನುತ್ತಾಳೆ, ಎನ್ನಲಿ, ಕೂರಿಸಿಯೇ ಕೇಳಿಸುತ್ತೇನೆ, ಮೊದಲು ಬೆಲ್ಟು ಸಡಿಲ ಅನ್ಸತ್ತೆ ಕಣೇ, ತಡ್ಕೋ, ಎದ್ದು ಹೋಗ್ಬೇಡ, ಅವನು ವಾಪಸ್ ಬರ್ತಾನೆ, ಎಂದು ಹೇಳಿಕೊಡುತ್ತೇನೆ. ಎಡಗಾಲು! ಎಡಗಾಲು ತಾಳ ಹಾಕಲು ಹೊರಟಿದೆ, ಬೇಡ ಕಣೇ, ಚಿತ್ರ ಕೆಡತ್ತೆ, ಹಿಡಿದುಕೊಂಡೆ, ತೊಡೆ ಬಿಗಿಮಾಡಿ ಮಂಡಿ ಬಿಗಿಮಾಡಿ ಹಿಡಿದುಕೊಂಡೆ, ಇದು ನೆಟ್ಟಗಿರುವ ಕಾಲು, ಇದನ್ನು ಕಾಯಬೇಕು, ಇನ್ನೊಂದಕ್ಕೆ ಕಾವಲು ಬೇಕಿಲ್ಲ.

ಚೆನ್ನಾಗಿ ಮಲಗಿದ್ರಿ ಅಮ್ಮ, ಇನ್ನೊಂದೇ ಚಿತ್ರ, ಐದು ನಿಮಿಷ, ಹಾಡು ಬದಲಾಯಿಸ್ಲಾ? ಬೇಡ ತಾಯಿ, ಅದರ ವಂಶದ್ದೇ ಇನ್ನೊಂದಿದ್ರೆ ಹಾಕು, ನಕ್ಕಳು, ಇದು ಬ್ಲೂಸು, ಅದರ ಅಜ್ಜಿ ಇದ್ದ ಹಾಗೆ. ಒಂದು ಗಿಟಾರು, ಒಬ್ಬಳು ಹೆಂಗಸು, ವಯಸ್ಸಾದವಳು, ಗಂಟಲಲ್ಲಿ ಮರಳು, ಭಾಷೆ ನನಗೆ ಬಾರದು, ಒಂದು ಸಾಲು ಹೇಳಿದಳು, ನಿಲ್ಲಿಸಿದಳು, ಅದೇ ಸಾಲನ್ನು ಮತ್ತೆ ಹೇಳಿದಳು, ನಾವು ಹೊಲಿಗೆ ಬಿಟ್ಟುಹೋಗದಿರಲಿ ಎಂದು ಅದರ ಮೇಲೇ ಹಿಂದಕ್ಕೊಮ್ಮೆ ಹೊಲಿದು ಮುಂದೆ ಹೋಗುವ ಹಾಗೆ, ಆಮೇಲೆ ಮೂರನೆಯ ಸಾಲು, ಅದು ಬೇರೆ, ಅದು ಮೊದಲೆರಡಕ್ಕೆ ಉತ್ತರ, ನನಗೆ ತಿಳಿಯಿತು, ಒಂದು ಪದವೂ ತಿಳಿಯದೆ ಎಲ್ಲ ತಿಳಿಯಿತು, ಅವಳದೂ ಏನೋ ಹೋಗಿದೆ, ಅದನ್ನೇ ಎರಡೆರಡು ಸಲ ಹೇಳುತ್ತಿದ್ದಾಳೆ, ಹೋಯಿತು, ಹೋಯಿತು, ಆದರೂ ನೋಡು ಹಾಡ್ತಿದ್ದೀನಿ — ಅಳುತ್ತಿಲ್ಲ ಅವಳು, ಕಾಲು ನೆಲಕ್ಕೆ ಬಡಿಯುತ್ತಿದ್ದಾಳೆ, ಹಲಗೆಯ ನೆಲ, ಧಪ್, ಧಪ್, ಆ ಸದ್ದೂ ಹಾಡಿನೊಳಗಿದೆ, ಅದು ಬಲಗಾಲೇ ಇರಬೇಕು, ಮತ್ತೆ ಮೊದಲ ಸಾಲು, ಎರಡನೆಯದು, ಎಡಗಾಲನ್ನು ಕಲ್ಲಾಗಿಸಿ ಹಿಡಿದಿದ್ದೇನೆ, ಮೂರನೆಯದು, ಧಪ್ — ಕನ್ನಡಿಯಲ್ಲಿ ಬಲಗಾಲಿನ ಹೆಬ್ಬೆರಳು ಎದ್ದಿತು. ಹಾ ಎಂದುಬಿಟ್ಟೆ.

ಅಯ್ಯೋ ಅಮ್ಮಾ, ತಲೆ ಅಲ್ಲಾಡಿಸ್ಬಿಟ್ರಲ್ಲ, ಇದೊಂದು ಚಿತ್ರ ಕೆಟ್ಟುಹೋಯ್ತು, ಮತ್ತೆ ಮಾಡ್ಬೇಕು. ಬೆರಳು, ಎಂದೆ. ಯಾವ ಬೆರಳು? ಬಲಗಾಲು, ಹೆಬ್ಬೆರಳು, ಎದ್ದಿತು ಕಣಮ್ಮ, ಕನ್ನಡೀಲಿ ನೋಡ್ದೆ, ನಾನೇನೂ ಹೇಳೇ ಇಲ್ಲ ಅದಕ್ಕೆ. ಕಿವಿಯಲ್ಲಿ ಕಾಗದ ತಿರುವಿದ ಸದ್ದು, ಡಾಕ್ಟರ ಚೀಟಿ ಇರಬೇಕು, ಬಲಗಾಲು ಎಂದು ಅದರಲ್ಲೂ ಬರೆದಿರಬೇಕು, ಆಮೇಲೆ ಬೇರೆ ದನಿಯಲ್ಲಿ, ಕಾಲು ಏನಾದ್ರೂ ಮಾಡ್ಕೊಳ್ಲಿ ಬಿಡಿ ಅಮ್ಮ, ತಲೆ ಮಾತ್ರ ಅಲ್ಲಾಡಿಸ್ಬೇಡಿ, ಐದೇ ನಿಮಿಷ, ಹಾಡು? ಅದೇ ಹಾಕು ತಾಯಿ, ಮೊದಲಿಂದ. ಡಗ್ ಡಗ್ ಡಗ್, ಗಿಟಾರು, ಒಂದು ಸಲ ಎದ್ದದ್ದಕ್ಕೆ ಇಷ್ಟು ಹಾರಾಡಬೇಡ, ನರ ಸೆಳೆದಿರಬಹುದು, ಕಣ್ಣಿನ ಭ್ರಮೆ ಇರಬಹುದು, ಶನಿವಾರ ಅವರು ಬಂದೇ ಬರುತ್ತಾರೆ, ಮೆಷಿನ್ನಿನ ಬಾಬಿನ್ನಿನಲ್ಲಿ ಇನ್ನೂ ನೀಲಿ ದಾರ ಇದೆ, ಅಕ್ಕನ ಮುಷ್ಟಿಯಲ್ಲಿ ಓಲೆ, ಮೊದಲ ಸಾಲು, ಬೆರಳು ಮಲಗಿದೆ, ಎದ್ದೇಳು ಎಂದು ಹೇಳಲಾರೆ, ಹೇಳಿದರೆ ಕೇಳುವುದಿಲ್ಲ ಅದು, ನನ್ನ ಮಾತು ಬೇಡ ಅದಕ್ಕೆ, ಅವಳ ಮಾತು ಬೇಕು, ಹೇಳಮ್ಮ ತಾಯಿ, ಅದೇ ಸಾಲು ಮತ್ತೆ ಹೇಳು, ಹೇಳಿದಳು, ಮಲಗಿದೆ, ಕಣ್ಣೀರು ಕಿವಿಯ ಕಡೆಗೆ ಹರಿಯುತ್ತಿದೆ, ಒರೆಸಿಕೊಳ್ಳುವ ಹಾಗಿಲ್ಲ, ರೆಪ್ಪೆ ಬಡಿದೆ, ಕನ್ನಡಿ ತಿಳಿಯಾಯಿತು, ಎರಡು ಪಾದ, ಒಂದು ನೆಟ್ಟಗೆ ಒಂದು ವಾಲಿಕೊಂಡು, ಅಲ್ಲಾಡಬೇಡ, ಉಸಿರು ಹಿಡಿ, ಮೂರನೆಯ ಸಾಲು ಬಂತು, ಧಪ್, ಹೆಬ್ಬೆರಳು ಎದ್ದಿತು, ಇಳಿಯಿತು, ಧಪ್, ಎದ್ದಿತು