ತುಟಿ ಆಡಿಸುವ ಬ್ಯಾಂಡು

ಬೆಂಚು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ಮೇಲಿನ ತುದಿ ಡ್ರಮ್ಮಿನ ಕೈಯಲ್ಲಿ, ಕೆಳಗಿನ ತುದಿ ಗಿಟಾರಿನ ಕೈಯಲ್ಲಿ. ಇಬ್ಬರಿಗೂ ಅರವತ್ತು ದಾಟಿತ್ತು, ಇಬ್ಬರ ಸೊಂಟವೂ ನೆಟ್ಟಗಿರಲಿಲ್ಲ.

“ಎತ್ತೋ ಸ್ವಲ್ಪ,” ಎಂದ ಗಿಟಾರು.

“ಎತ್ತಿಕೊಂಡೇ ಇದೀನಿ. ನೀನು ವಾರೆ ಮಾಡು.”

“ಹುಟ್ಟಿದಾಗಿಂದ ನಾನೇ ವಾರೆ ಆಗ್ತಿದೀನಿ, ನೀನು ಮಾತ್ರ ನೆಟ್ಟಗೆ ನಿಂತಿರ್ತೀಯ.”

ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನಿಗೆ ಡ್ರಮ್ಮು ಎಂದೂ, ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಠಸ್ಸೆ ಹೊಡೆದವನಿಗೆ ಗಿಟಾರು ಎಂದೂ ಹುಡುಗಾಟದಲ್ಲಿ ಬಿದ್ದ ಹೆಸರುಗಳು ಹಾಗೆಯೇ ಅಂಟಿಕೊಂಡಿದ್ದವು. ಮೂರನೆಯವನು ಸಿಂಗರ್. ಅವನು ಕೆಳಗೆ ನಡುಮನೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ನಿನ್ನೆ ಬೆಳಿಗ್ಗೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಿದ್ದವನು ಎದೆ ಹಿಡಿದುಕೊಂಡು ಕೂತ, ಮತ್ತೆ ಏಳಲಿಲ್ಲ. ನಾಲ್ಕು ಗಂಟೆಗೆ ವ್ಯಾನು ಬರುವುದಿತ್ತು. ಅದಕ್ಕೆ ಮುಂಚೆ ಬರುವ ಜನಕ್ಕೆ ಕೂರಲು ಬೆಂಚು ಬೇಕಿತ್ತು.

ಕೆಳಗಿನಿಂದ ಸಿಂಗರನ ಮಗಳು ಕರೆದಳು. “ಡ್ರಮ್ ಮಾಮ, ಕೊನೆಗೂ ಸಿಕ್ತು. ಅಪ್ಪನ ಬೀರುವಿನಲ್ಲಿ ಸ್ವೆಟರ್ ಕೆಳಗಿತ್ತು.” ಅವಳ ಕೈಯಲ್ಲಿ ಹಳೆಯ ಕ್ಯಾಸೆಟ್ಟು. ಅದರ ಮೇಲೆ ನೀಲಿ ಮಸಿಯಲ್ಲಿ ‘ನಾವು’ ಎಂದು ಬರೆದಿತ್ತು. “ಅಪ್ಪ ಹಾಡಿದ ಟೇಪು ಇದೇ ಅಲ್ವಾ? ರೇಡಿಯೋ ರಿಪೇರಿಯವರು ಟೇಪ್ ರೆಕಾರ್ಡರ್ ತಂದ್ಕೊಟ್ಟಿದಾರೆ. ಮೂರೂವರೆಗೆ ಎಲ್ಲರ ಮುಂದೆ ಹಾಕ್ತೀನಿ.”

ಡ್ರಮ್ಮಿನ ಕೈ ಸಡಿಲವಾಯಿತು. ಬೆಂಚು ಗಿಟಾರಿನ ಹೆಬ್ಬೆರಳ ಮೇಲೆ ಕೂತಿತು. ಸಾವಿನ ಮನೆ ಎಂದು ಗಿಟಾರು ಕೂಗನ್ನು ನುಂಗಿಕೊಂಡ. ಕಣ್ಣಲ್ಲಿ ಮಾತ್ರ ನೀರು ಬಂತು. ನೋಡಿದವರು ಗೆಳೆತನ ಅಂದರೆ ಇದು ಎಂದುಕೊಂಡರು.

ಅವಳು ಒಳಗೆ ಹೋದ ಮೇಲೆ ಗಿಟಾರು ಪಿಸುಗುಟ್ಟಿದ. “ಈಗೇನೋ ಮಾಡೋದು?”

“ಹಳೇ ಟೇಪು. ಬೂಷ್ಟು ಹಿಡಿದಿರತ್ತೆ, ಓಡಲ್ಲ.”

“ಓಡಿದ್ರೆ? ಅವಳ ಸ್ಕೂಲಿನ ಟೀಚರ್‌ಗಳೆಲ್ಲ ಬರ್ತಿದಾರೆ. ಲೋಕಕ್ಕೆಲ್ಲ ಗೊತ್ತಿರೋ ಹಾಡು ಅದು. ಮೊದಲನೇ ಸಾಲಿಗೇ ಅದು ಇವನಲ್ಲ ಅಂತ ಗೊತ್ತಾಗಿಬಿಡತ್ತೆ. ಅಪ್ಪ ಸಿಂಗರ್ ಅಂತ ಊರೆಲ್ಲ ಹೇಳ್ಕೊಂಡು ಬಂದಿರೋ ಹುಡುಗಿ, ಪಾಪ.”

“ಅದಷ್ಟೇ ಆಗಿದ್ರೆ ನಾನು ಇಷ್ಟು ಹೆದರ್ತಿರಲಿಲ್ಲ,” ಎಂದ ಡ್ರಮ್ಮು.

*

ಹದಿನಾರನೇ ವಯಸ್ಸಿಗೆ ಈ ಮೂವರಿಗೂ ಪಾಪ್ ಹಾಡಿನ ಹುಚ್ಚು ನೆತ್ತಿಗೇರಿತ್ತು. ಅಂತಿಂಥ ಹುಚ್ಚಲ್ಲ. ಭಾನುವಾರ ಮಧ್ಯಾಹ್ನ ರೇಡಿಯೋದಲ್ಲಿ ಅರ್ಧ ಗಂಟೆ ಹೊಸ ಹಾಡುಗಳು ಬರುತ್ತಿದ್ದವು. ವಾರದ ಉಳಿದ ಹೊತ್ತೆಲ್ಲ ಆ ಅರ್ಧ ಗಂಟೆಯನ್ನು ಕಾಯಲಿಕ್ಕೆಂದೇ ಇತ್ತು. ಯಾವ ವಾರ ಯಾವ ಹಾಡು ಎಷ್ಟನೆಯ ಸ್ಥಾನ ಎಂದು ಸಿಂಗರ್ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದ. ತನ್ನ ಮೆಚ್ಚಿನ ಹಾಡು ಕೆಳಗಿಳಿದರೆ ಊಟ ಬಿಡುತ್ತಿದ್ದ. “ಪರೀಕ್ಷೇಲಿ ನಿನ್ನ ಸ್ಥಾನ ಎಷ್ಟನೇದು ಅಂತಾನೂ ಒಂದ್ಸಲ ಬರಿ ಮಗನೇ,” ಎಂದು ಅವನ ತಾಯಿ ಕುಟುಕುತ್ತಿದ್ದಳು.

ಬ್ಯಾಂಡು ಕಟ್ಟುವುದೆಂದಾಯಿತು. ವಾದ್ಯ ಒಂದೂ ಇರಲಿಲ್ಲ. ಗಿಟಾರು ರಟ್ಟಿನದು, ತಂತಿ ಪೆನ್ನಿನಲ್ಲಿ ಗೀಚಿದ್ದು. ಡ್ರಮ್ಮೆಂದರೆ ಎರಡು ಬಕೆಟ್ಟು, ಒಂದು ಬಿಸ್ಕತ್ತಿನ ಡಬ್ಬ. ಮೈಕೆಂದರೆ ಸೈಕಲ್ ಪಂಪು. ಮಹಡಿಯ ಕೋಣೆಯಲ್ಲಿ ಟೇಪ್ ರೆಕಾರ್ಡರ್ ಹಾಡುತ್ತಿತ್ತು, ಇವರು ಅದರ ಪಕ್ಕ ನಿಂತು ತುಟಿ ಆಡಿಸುತ್ತಿದ್ದರು. ಯಾರೂ ಧ್ವನಿ ತೆಗೆಯಬಾರದು ಎಂಬ ನಿಯಮವನ್ನು ಮಾಡಿದವನು ಸಿಂಗರೇ.

“ಮೊದ್ಲು ನಿಲ್ಲೋದು ಕಲೀಬೇಕು ಕಣ್ರೋ,” ಎನ್ನುತ್ತಿದ್ದ. “ಹಾಡೋದು ಯಾವಾಗ ಬೇಕಾದ್ರೂ ಕಲೀಬಹುದು.”

ಹೀಗೆ ಎರಡು ವರ್ಷ ನಿಲ್ಲುವುದನ್ನು ಕಲಿತರು. ಆಮೇಲೊಂದು ದಿನ, ನಮ್ಮ ಹಾಡನ್ನು ರೇಡಿಯೋದವರಿಗೆ ಕಳಿಸೋಣ ಎಂದ ಗಿಟಾರು. ಅವನ ಭಾವನ ಟೇಪ್ ರೆಕಾರ್ಡರ್ ಕೇಳಿ ತಂದರು. ಒಂದು ಹಾಡುವುದಕ್ಕೆ, ಇನ್ನೊಂದು ರೆಕಾರ್ಡ್ ಮಾಡುವುದಕ್ಕೆ. ಮೂವರೂ ತಲೆ ಬಾಚಿಕೊಂಡರು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರು, ಗುಂಡಿ ಒತ್ತಿದರು, ತುಟಿ ಆಡಿಸಿದರು. ತುಟಿ ಆಡಿಸುವುದು ಟೇಪಿನಲ್ಲಿ ಕೇಳಿಸುವುದಿಲ್ಲ ಎಂದು ಮೂರು ತಲೆಗಳಲ್ಲಿ ಒಂದಕ್ಕೂ ಹೊಳೆಯಲಿಲ್ಲ.

*

ಮೂರು ಗಂಟೆಗೆ ನಡುಮನೆ ಜನರಿಂದ ತುಂಬಿತು. ಕನ್ನಡಕದ ಅಂಗಡಿಯ ಯಜಮಾನರು ಸಿಂಗರನ ಕಾಲ ಬಳಿ ಹೂವಿಟ್ಟು ಬಂದು ಡ್ರಮ್ಮಿನ ಪಕ್ಕ ಕೂತರು. ಅವರ ಸ್ವಂತ ಕನ್ನಡಕಕ್ಕೇ ಒಂದು ಕಡೆ ದಾರ ಸುತ್ತಿತ್ತು.

“ಮೂವತ್ತೈದು ವರ್ಷ ಇದ್ದ ನಮ್ಮಲ್ಲಿ. ಒಂದು ಗಾಜು ತಪ್ಪು ಉಜ್ಜಿದವನಲ್ಲ,” ಎಂದರು. “ಗಾಜು ಉಜ್ಜೋ ಚಕ್ರದ ಮುಂದೆ ಕೂತ ಅಂದ್ರೆ ತುಟಿ ಆಡ್ತಾನೇ ಇರೋದು. ಶುರುವಿನಲ್ಲಿ ನನ್ನನ್ನೇ ಬೈಕೋತಿದಾನೆ ಅಂದ್ಕೊಂಡಿದ್ದೆ.”

“ಏನಾದ್ರೂ ಕೇಳಿಸ್ತಿತ್ತಾ?” ಎಂದು ಕೇಳಿದ ಡ್ರಮ್ಮು.

“ಎಲ್ಲಿಂದ? ಆ ಚಕ್ರದ ಗೊರಗೊರದಲ್ಲಿ ನಾನಾಡಿದ್ದೇ ನನಗೆ ಕೇಳಿಸಲ್ಲ. ಚಕ್ರ ನಿಂತ್ರೆ ತುಟಿನೂ ನಿಲ್ತಿತ್ತು.”

ಮೂವತ್ತೈದು ವರ್ಷ ಯಾರಿಗೂ ಕೇಳಿಸದ ಜಾಗವನ್ನೇ ಹುಡುಕಿಕೊಂಡು ಕೂತಿದ್ದನಲ್ಲ ಎಂದು ಡ್ರಮ್ಮಿಗೆ ಸಂಕಟವಾಯಿತು. ಎದ್ದು ಅಡುಗೆಮನೆಗೆ ಹೋದ.

ಮಗಳು ಟೇಪ್ ರೆಕಾರ್ಡರಿನೊಳಗೆ ಹತ್ತಿ ಸುತ್ತಿದ ಕಡ್ಡಿ ಹಾಕಿ ದೂಳು ಒರೆಸುತ್ತಿದ್ದಳು. ಅವಳ ತಾಯಿ ನಲ್ಲಿಯಡಿ ಲೋಟ ತೊಳೆಯುತ್ತಿದ್ದಳು. ಕೂತುಕೊಳ್ಳಿ ಎಂದು ನೆಂಟರು ಎಷ್ಟು ಹೇಳಿದರೂ ಕೇಳಿರಲಿಲ್ಲ. ಕೈ ಖಾಲಿಯಾದರೆ ಅಳು ಬರುತ್ತದೆ ಎಂದಿದ್ದಳು.

“ಆ ಟೇಪು ಹಾಕ್ಬೇಡಮ್ಮ,” ಎಂದ ಡ್ರಮ್ಮು.

“ಯಾಕೆ ಮಾಮ?”

“ಅದ್ರಲ್ಲಿ ಹಾಡಿರೋದು ನಿಮ್ಮಪ್ಪ ಅಲ್ಲ. ನಾವ್ಯಾರೂ ಹಾಡ್ತಿರಲಿಲ್ಲ. ಟೇಪು ಹಾಡ್ತಿತ್ತು, ನಾವು ತುಟಿ ಆಡಿಸ್ತಿದ್ವಿ.”

ಅವಳ ಕೈ ನಿಂತಿತು. ನಗುವಿಗೆ ಹತ್ತಿರವಾದದ್ದೇನೋ ಮುಖದಲ್ಲಿ ಬಂದು ಹೋಯಿತು. “ನಾಲ್ಕನೇ ಕ್ಲಾಸಲ್ಲಿ ಪ್ರಬಂಧ ಬರೆದಿದೀನಿ ಮಾಮ. ನನ್ನ ತಂದೆ ಹಾಡುಗಾರರು ಅಂತ. ಈಗ ನನ್ನ ಕ್ಲಾಸಿನ ಮಕ್ಕಳಿಗೂ ಹೇಳಿದೀನಿ. ಅಪ್ಪ ಒಂದಿನ ಬಾಯಿಬಿಟ್ಟು ಹೇಳ್ಬಾರದಿತ್ತಾ?”

“ನೀನು ಅದನ್ನ ಬರೆದ ದಿನಾನೇ ಹೇಳೋಣ ಅಂತಿದ್ರು,” ಎಂದಳು ತಾಯಿ, ನಲ್ಲಿ ನಿಲ್ಲಿಸದೆ. “ಟೀಚರು ಭೇಷ್ ಅಂತ ಬರೆದುಬಿಟ್ಟಿದ್ರು. ನೀನು ಅದನ್ನ ಹಿಡ್ಕೊಂಡು ಮನೆಯೆಲ್ಲ ಕುಣಿದೆ. ಹೇಗೆ ಹೇಳ್ತಾರೆ? ಯಾರಾದ್ರೂ ಹಾಡಿ ಅಂದ್ರೆ ಗಂಟಲು ಕೆಟ್ಟಿದೆ ಅನ್ನೋದು ಆವತ್ತಿಂದ ಶುರುವಾಯ್ತು.”

“ನಿಂಗೂ ಗೊತ್ತಿತ್ತಾ?”

“ಹೆಂಡತಿ ಕಣೇ ನಾನು. ಗೊತ್ತಿರದೇ ಇರತ್ತಾ?”

ಡ್ರಮ್ಮು ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನಲವತ್ತೈದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು ಬಾಗಿಲು ಸಿಕ್ಕ ಕೂಡಲೇ ನುಗ್ಗಿತು.

“ಇನ್ನೂ ಒಂದಿದೆ ಕಣಮ್ಮ. ಆವತ್ತು ಮಧ್ಯದಲ್ಲಿ, ಹಾಡ್ತಿದ್ದ ಟೇಪ್ ರೆಕಾರ್ಡರಿನ ಸೆಲ್ಲು ಮುಗೀತು. ಹಾಡು ಎಮ್ಮೆ ಕೂಗಿದ ಹಾಗೆ ಎಳೆದು ನಿಂತುಹೋಯ್ತು. ನಿಮ್ಮಪ್ಪ ಕಣ್ಣು ಮುಚ್ಚಿಕೊಂಡಿದ್ದ, ನಿಲ್ಲಲಿಲ್ಲ. ಆಗ್ಲೇ ನಮಗೆ ಗೊತ್ತಾಗಿದ್ದು, ನಿಯಮ ಮಾಡಿದವನೇ ಎರಡು ವರ್ಷದಿಂದ ಒಳಗೊಳಗೇ ಹಾಡ್ತಿದ್ದ ಅಂತ. ಧ್ವನಿ ಏನು ಹೇಳ್ಲಿ, ಒಡೆದ ಮಡಕೆ. ನಾವು ನಕ್ವಿ. ಬಿದ್ದು ಬಿದ್ದು ನಕ್ವಿ. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.”

“ಆಮೇಲೆ?”

“ಆಮೇಲೇನು, ಬ್ಯಾಂಡು ಅಲ್ಲಿಗೇ ಮುಗೀತು. ಏನೂ ರೆಕಾರ್ಡ್ ಆಗಿಲ್ಲ ಅಂತ ಸುಳ್ಳು ಹೇಳಿ ಟೇಪು ತಗೊಂಡು ಹೋದ. ನಮ್ಮೆದುರು ಮತ್ತೆ ಯಾವತ್ತೂ ಹಾಡಲಿಲ್ಲ. ಅವನ ಗಂಟಲು ಹಿಸುಕಿದ್ದು ಆ ನಗೂನೇ ಕಣಮ್ಮ. ಅವನನ್ನ ಕಳಿಸಿಕೊಡೋ ಹೊತ್ತಲ್ಲಿ ಅದು ಮತ್ತೆ ಕೇಳಿಸೋದು ಬೇಡ.”

ಮಗಳು ಕ್ಯಾಸೆಟ್ಟನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಅವಳಿಗೆ ಸಿಟ್ಟು ಬಂದಿತ್ತು, ಅದನ್ನು ಮುಚ್ಚಿಡಲೂ ಇಲ್ಲ.

“ಅಂದ್ರೆ ಇದ್ರಲ್ಲಿ ಅಪ್ಪನ ಧ್ವನಿ ಇದೆ.”

“ಎರಡು ಸಾಲು ಇರಬಹುದು.”

“ನಂಗೆ ಅಷ್ಟು ಸಾಕು. ನಿಮಗೆ ಕೇಳೋಕೆ ಆಗಲ್ಲ ಅಂದ್ರೆ ಅಷ್ಟು ಹೊತ್ತು ಹೊರಗಿರಿ ಮಾಮ.”

*

ಡ್ರಮ್ಮು ಹೊರಗೆ ಹೋಗಲಿಲ್ಲ. ಗಿಟಾರಿನ ಪಕ್ಕ ಕುರ್ಚಿಯಲ್ಲಿ ಕೂತು, ಎರಡೂ ಕೈಯನ್ನು ತೊಡೆಯ ನಡುವೆ ಅವುಚಿಕೊಂಡ. ಮಗಳು ತಂದೆಯ ತಲೆಯ ಬಳಿ ಸ್ಟೂಲಿನ ಮೇಲೆ ಟೇಪ್ ರೆಕಾರ್ಡರ್ ಇಟ್ಟಾಗ ನಾಲ್ಕಾಗಲು ಹತ್ತೇ ನಿಮಿಷವಿತ್ತು.

“ನಮ್ಮಪ್ಪ ಸಿಂಗರ್ ಆಗಿರಲಿಲ್ಲವಂತೆ,” ಎಂದಳು. “ನನಗೇ ಈಗ ಗೊತ್ತಾಯ್ತು. ಇಷ್ಟು ದಿನ ನಿಮಗೆಲ್ಲ ಸುಳ್ಳು ಹೇಳ್ದೆ. ಆದ್ರೂ ಇದರಲ್ಲಿ ಎಲ್ಲೋ ಒಂದ್ಕಡೆ ಅವನಿದಾನೆ, ಕೇಳಿ.”

ಮೊದಲು ಬರೀ ಸರಸರ. ಆಮೇಲೆ ಹಾಡು, ಎಲ್ಲರಿಗೂ ಗೊತ್ತಿದ್ದ ಹಾಡು, ದೂರದ ಕೋಣೆಯಿಂದ ಬಂದಂತೆ. ಅದರಡಿಯಲ್ಲಿ ಬಕೆಟ್ಟಿನ ಸದ್ದು, ಹಲಗೆಯ ಮೇಲೆ ಕುಟ್ಟುವ ಕಾಲುಗಳು. ಟೀಚರ್‌ಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎರಡನೆಯ ಚರಣಕ್ಕೆ ಹಾಡು ಎಳೆಯತೊಡಗಿತು, ದಪ್ಪಗಾಯಿತು, ಸತ್ತಿತು.

ಹುಡುಗನೊಬ್ಬನ ಧ್ವನಿ ಉಳಿಯಿತು. ಒಡೆದ ಧ್ವನಿ, ಮೇಲಿನ ಸ್ವರ ಸಿಗದೆ ಪಕ್ಕಕ್ಕೆ ಜಾರುವಂಥದ್ದು. ಮಗಳು ಕೈಯಿಂದ ಬಾಯಿ ಮುಚ್ಚಿಕೊಂಡಳು. ಒಂದು ಸಾಲು, ಎರಡು ಸಾಲು, ಆಮೇಲೆ ಡ್ರಮ್ಮು ಕಾಯುತ್ತಿದ್ದ ನಗು ಬಂತು. ಬಕೆಟ್ಟು ಉರುಳಿತು, ಯಾರೋ ಕೆಮ್ಮಿದರು, ಮತ್ತೆ ನಕ್ಕರು. ಡ್ರಮ್ಮು ತಲೆ ತಗ್ಗಿಸಿದ. ಟೇಪು ಇಲ್ಲಿಗೆ ನಿಲ್ಲುತ್ತದೆ ಎಂದುಕೊಂಡ.

ಟೇಪು ನಿಲ್ಲಲಿಲ್ಲ.

“ನಗ್ರೋ, ನಗ್ರಿ,” ಎಂದಿತು ಹುಡುಗನ ಧ್ವನಿ, ಅದರಲ್ಲೂ ನಗು ತುಂಬಿತ್ತು. “ನಾನಂತೂ ಮುಗಿಸೇ ಮುಗಿಸ್ತೀನಿ.”

ಬಿಟ್ಟ ಸಾಲಿನಿಂದಲೇ ಎತ್ತಿಕೊಂಡ. ಈ ಸಲ ಮೊದಲಿಗಿಂತ ಜೋರಾಗಿ, ಮೊದಲಿಗಿಂತ ಕೆಟ್ಟದಾಗಿ. ನಗು ಕಡಿಮೆಯಾಯಿತು. ಒಂದು ಬಕೆಟ್ಟು ನೆಟ್ಟಗಾದ ಸದ್ದು ಬಂತು. ಮೆತ್ತಗೆ ಒಂದು ಏಟು, ಇನ್ನೊಂದು ಏಟು, ಆಮೇಲೆ ತಪ್ಪದ ತಾಳ. ಸ್ವರ ಜಾರಿದಲ್ಲಿ ನಿಧಾನವಾಗಿ, ಓಡಿದಲ್ಲಿ ಓಡಿ, ಅವನನ್ನು ಬೀಳಲು ಬಿಡದೆ ಹಿಡಿದುಕೊಂಡು ಹೋಗುವ ತಾಳ.

ನಲವತ್ತೈದು ವರ್ಷ ಆ ನಗುವನ್ನಷ್ಟೇ ಹೊತ್ತು ತಿರುಗಿದ ಡ್ರಮ್ಮಿಗೆ ತಾನು ಹೀಗೆ ಬಾರಿಸಿದ್ದು ನೆನಪೇ ಇರಲಿಲ್ಲ.

“ನೀನೇ ಕಣೋ ಅದು,” ಎಂದ ಗಿಟಾರು.

ಹೊರಗೆ ವ್ಯಾನು ಬಂದು ನಿಂತಿತು. ಡ್ರೈವರು ಬಾಗಿಲಿಗೆ ಬಂದು ಹೊತ್ತಾಯಿತು ಎನ್ನಲು ಬಾಯಿ ತೆರೆದ. ಸಿಂಗರನ ಹೆಂಡತಿ ಒದ್ದೆ ಕೈ ಎತ್ತಿ ಅವನನ್ನು ಅಲ್ಲೇ ತಡೆದಳು. ಹಾಡಿನಲ್ಲಿ ಇನ್ನೂ ಒಂದು ಚರಣ ಬಾಕಿ ಇತ್ತು. ಕುರ್ಚಿಯ ಮೇಲೆ ತಲೆ ತಗ್ಗಿಸಿ ಕೂತಿದ್ದ ಡ್ರಮ್ಮಿನ ಎರಡೂ ಅಂಗೈಗಳು, ಅವನಿಗೇ ಗೊತ್ತಿಲ್ಲದೆ, ತೊಡೆಯ ಮೇಲೆ ತಾಳಕ್ಕೆ ಬೀಳತೊಡಗಿದ್ದವು.