ಮುನಿರತ್ನಮ್ಮನ ಗೋಡೆಯ ಕೂಡಕ್ಷರ

ರೇಷ್ಮೆ ಉಕ್ಕಿ ಹರಿದ ಆ ವರ್ಷಗಳಲ್ಲಿ ರಾಮನಗರದ ಗಾಳಿಯನ್ನು ಹಿಂಡಿದರೂ ನೂಲು ಬರುತ್ತಿತ್ತು. ಗೂಡು ಮಾರ್ಕೆಟ್ಟಿನ ಬಾಗಿಲಲ್ಲಿ ಕಟ್ಟಿದ ಎತ್ತು ಸೀನಿದರೆ ಮೂಗಿನಿಂದ ಗಜಗಟ್ಟಲೆ ಎಳೆ ಇಳಿಯುತ್ತಿತ್ತು ಎನ್ನುವವರಿದ್ದರು. ಅದು ಶುದ್ಧ ಸುಳ್ಳು. ಒಂದು ಗಜಕ್ಕಿಂತ ಹೆಚ್ಚು ಇಳಿದದ್ದನ್ನು ಯಾರೂ ಕಂಡಿಲ್ಲ.

ಅಂಥ ಊರಿನಲ್ಲಿ ಕೈಲಾಂಚದ ಕಡೆಯ ಮಾಯಣ್ಣ, ಶುಕೂರ್ ಸಾಹೇಬರ ನೂಲು ತೆಗೆಯುವ ಫಿಲೇಚರಿನಲ್ಲಿ ಬೇಸಿನ್ನಿನ ಮುಂದೆ ಕೂತು, ಕುದಿಯುವ ನೀರಿನಲ್ಲಿ ಬೇಯುವ ಗೂಡುಗಳಿಂದ ಎಳೆ ಬಿಚ್ಚುತ್ತಿದ್ದ. ಅವನ ಕೈ ಮತ್ತು ನಾಲಿಗೆ, ಎರಡಕ್ಕೂ ಮಾಗಡಿಯಿಂದ ಕನಕಪುರದವರೆಗೆ ಸಾಟಿಯಿರಲಿಲ್ಲ. ಕೈ ಹಾಕಿದರೆ ಎಳೆ ಕಡಿಯುವುದನ್ನೇ ಮರೆಯುತ್ತಿತ್ತು. ನಾಲಿಗೆಯನ್ನು ಶುಕೂರ್ ಸಾಹೇಬರು ಮಾರ್ಕೆಟ್ಟಿಗೆಂದೇ ಇಟ್ಟುಕೊಂಡಿದ್ದರು. ಒಳ್ಳೆಯ ಗೂಡಿನ ಲಾಟು ಕಣ್ಣಿಗೆ ಬಿದ್ದರೆ ಮಾಯಣ್ಣ ಒಂದು ಹಿಡಿ ಗೂಡು ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಹಳಿಯಲು ಶುರುಮಾಡುತ್ತಿದ್ದ. ಅವನ ಮಾತು ಕೇಳಿ ಒಳಗಿನ ಹುಳು ನಾಚಿ ಇನ್ನೊಂದು ಸುತ್ತು ಎಳೆ ಸುತ್ತಿಕೊಳ್ಳುತ್ತಿತ್ತಂತೆ.

ಇಷ್ಟೆಲ್ಲ ಇದ್ದೂ ಅವನ ಹುಚ್ಚು ಬೇರೆ, ಅಕ್ಷರದ್ದು. ಗೂಡಿನ ಎಳೆ ಎಲ್ಲೂ ಕಡಿಯದೆ ಬರುವಾಗ, ಅಚ್ಚಿನ ಕನ್ನಡದ ಅಕ್ಷರ ಮಾತ್ರ ಯಾಕೆ ಮುನಿಸಿಕೊಂಡ ದಾಯಾದಿಗಳ ಹಾಗೆ ದೂರ ದೂರ ನಿಲ್ಲಬೇಕು ಅನ್ನಿಸಿತ್ತು ಅವನಿಗೆ. ಒಲೆಯ ಇದ್ದಲು ತಕೊಂಡು, ಕೈ ಎತ್ತದೆ, ಒಂದರ ಬಾಲ ಮುಂದಿನದರ ತಲೆಕಟ್ಟಿಗೆ ಕೂಡುವಂತೆ ಫಿಲೇಚರಿನ ಗೋಡೆಯ ಮೇಲೆ ಬರೆದ. ಅಳಿಸಿದ, ಮತ್ತೆ ಬರೆದ. ಗೋಡೆ ಅರ್ಧ ಅಡಿ ಸವೆದು, ಆಚೆ ಮನೆಯವರು ಇದ್ದಲು ಕೆರೆಯುವ ಸದ್ದಿಗೆ ನಿದ್ದೆಗೆಟ್ಟಿದ್ದರು.

ಇನ್ನು ಅವನ ಬೆರಳಿನ ಸಂಗತಿ. ಇದರಲ್ಲಿ ಒಂದು ಕೂದಲೂ ಹೆಚ್ಚಿಗೆ ಹೇಳಿದ್ದಿಲ್ಲ. ವರ್ಷಗಟ್ಟಲೆ ಬಿಸಿನೀರಿನಲ್ಲಿ ನೆಂದು ಬಲಗೈಯ ಚರ್ಮ ಬಿರಿದಿತ್ತು. ಗೆಣ್ಣುಗಳಲ್ಲಿ ರಕ್ತ ಒಸರುತ್ತಿತ್ತು. ಹೆಬ್ಬೆರಳು ತೋರುಬೆರಳನ್ನು ಮುಟ್ಟಲು ದಿನದಿನಕ್ಕೂ ಹೆಚ್ಚು ಸತಾಯಿಸುತ್ತಿತ್ತು. ನೀರು ಬಿಡು ಎಂದರು ಡಾಕ್ಟರು. ನೀರು ಬಿಟ್ಟರೆ ಉಣ್ಣುವುದೇನು ಅಂತ ಅವರೂ ಹೇಳಲಿಲ್ಲ, ಇವನೂ ಕೇಳಲಿಲ್ಲ. ಕೈ ಹೋಗುತ್ತದೆ ಎನ್ನುವುದು ಅವನಿಗೆ ಗೊತ್ತಾಗಿತ್ತು. ಹೋಗುವ ಮೊದಲು ಅಕ್ಷರ ಎಲ್ಲಾದರೂ ಗಟ್ಟಿಯಾಗಿ ಕೂತುಬಿಡಬೇಕು, ಅಷ್ಟೇ ಅವನ ಆಸೆ.

ದಾರಿ ತೋರಿಸಿದವರು ಸ್ಟೇಷನ್ ರಸ್ತೆಯಲ್ಲಿ ಪ್ರೆಸ್ಸು ಇಟ್ಟಿದ್ದ ನಂಜುಂಡಯ್ಯನವರು. ನೂಲು ತೆಗೆಸುವ ರೀಲರ್‌ಗಳ ಸಂಘಕ್ಕೆ ದೊಡ್ಡ ಗೋಡೆ ಪೋಸ್ಟರು ಹೊಡೆಯಬೇಕಿತ್ತು, ಅಷ್ಟು ದೊಡ್ಡ ಅಚ್ಚು ಅವರಲ್ಲಿರಲಿಲ್ಲ. ಚನ್ನಪಟ್ಟಣದ ಗೊಂಬೆ ಕೆಲಸದ ಗಫಾರನ ಕೈಲಿ ಹಾಲೆಮರದಲ್ಲಿ ಮಾಯಣ್ಣನ ಗೋಡೆಯ ಈ ಅಕ್ಷರಗಳನ್ನೇ ಕೆತ್ತಿಸೋಣ ಎಂದರು. ಆದರೆ ನೋಡುವ ಜನ ಒಪ್ಪಬೇಕು. ಹಾಳೆ ಬರೆದು ಮಾರ್ಕೆಟ್ಟಿನ ಎದುರು ಹಚ್ಚು, ಏನನ್ನುತ್ತಾರೋ ಕೇಳು, ತಿದ್ದು. ಗಫಾರ್ ಶುಕ್ರವಾರ ಬರುತ್ತಾನೆ. ಆಮೇಲೆ ದಸರಾ ಗೊಂಬೆಯ ಕೆಲಸಕ್ಕೆ ಕೂತರೆ ಅವನು ಕೈಗೆ ಸಿಗುವವನಲ್ಲ.

ಗಫಾರನ ಕೈ ಬಿಡುವಾಗುವ ಹೊತ್ತಿಗೆ ತನ್ನ ಕೈ ಇರುವುದಿಲ್ಲ ಎಂದು ಮಾಯಣ್ಣ ಲೆಕ್ಕ ಹಾಕಿದ. ತಲೆಯಾಡಿಸಿ ಬಂದ.

ಮಾರ್ಕೆಟ್ಟಿನ ಗೇಟಿನ ಎದುರಿಗೇ ಮುನಿರತ್ನಮ್ಮನ ಟೀ ಹೋಟ್ಲು. ಬೆಳಿಗ್ಗೆ ಗೂಡಿನ ಮೂಟೆ ಇಳಿಸಿದ ರೈತರಲ್ಲಿ ಆ ಹೋಟ್ಲಿನ ಟೀ ಕುಡಿಯದವನು ಇನ್ನೂ ಹುಟ್ಟಿರಲಿಲ್ಲ. ಒಳಗೋಡೆಗೆ ಮಾಯಣ್ಣ ಹಾಳೆ ಹಚ್ಚಿ, ಪಕ್ಕದಲ್ಲೇ ಕುಂಚ ಮತ್ತು ಬಿಳಿ ಬಣ್ಣ ಇಟ್ಟುಕೊಂಡು ನಿಂತ. ಕರಿ ಗೆರೆ ಬೇಡವಾದಲ್ಲಿ ಬಿಳಿ ಬಳಿದು, ಮೇಲೆ ಹೊಸ ಗೆರೆ.

ಮೊದಲು ಬಾಯಿ ಬಿಟ್ಟವನು ದೊಡ್ಡಆಲಹಳ್ಳಿಯ ಲಕ್ಕಯ್ಯ. ಕುರಿ ಕಾಯ್ದು, ಹುಳು ಸಾಕಿ, ಜಗತ್ತಿನ ಯಾವುದನ್ನೂ ಮೆಚ್ಚದೆ ಮುದುಕನಾದವನು. ಗ್ಲಾಸು ಹಿಡಿದು ಹಾಳೆಯ ಮುಂದೆ ನಿಂತವನು ಟೀ ಕೆನೆಗಟ್ಟಿದರೂ ಅಲುಗಲಿಲ್ಲ.

"ಲೇ ಮಾಯಣ್ಣ, ಇದೇನ್ಲಾ ನಿನ್ ಮ ಅಕ್ಸರ? ಗಬ್ಬದ ಎಮ್ಮೆ ಹಂಗೆ ಹೊಟ್ಟೆ ಬುಟ್ಕೊಂಡೈತೆ. ಕೆರೆಗಿಳಿದ್ರೆ ಮೇಲಕ್ಕೆ ಬರಾಕಿಲ್ಲ ಕಣ್ಲಾ ಅದು."

ಹೋಟ್ಲೇ ನಕ್ಕಿತು. ಮಾಯಣ್ಣ ಹೊಟ್ಟೆ ಇಳಿಸಿದ. ಮರಳವಾಡಿಯ ದಾಸಮ್ಮ ಶಾಲೆಯ ಬಾಗಿಲನ್ನೇ ಕಂಡವಳಲ್ಲ. ಅವಳು ಳ ಮುಂದೆ ನಿಂತು, ತನ್ನ ಬಾಲ ತಾನೇ ನುಂಗುವ ಹಾವು ಇದು, ಮಕ್ಕಳು ಕಂಡರೆ ಜ್ವರ ಬರುತ್ತದೆ ಎಂದಳು. ಬಾಲ ಹೋಯಿತು. ರ ಕುಡಿದು ಬಂದವನಂತಿದೆ ಎಂದು ಒಬ್ಬ, ಗ ಯಾರ ಮನೆಯದೋ ಮುರಿದ ಕುಡುಗೋಲು ಎಂದು ಇನ್ನೊಬ್ಬ. ಒಬ್ಬನಂತೂ ಇಂಥ ಅಕ್ಷರದಲ್ಲಿ ಲಗ್ನಪತ್ರಿಕೆ ಹೊಡೆಸಿದರೆ ಗಂಡು ಓಡಿಹೋಗುತ್ತಾನೆ ಎಂದ. ಮಾಯಣ್ಣ ಹಣೆಯ ಬೆವರು ಒರೆಸಿಕೊಳ್ಳುತ್ತ ಎಲ್ಲವನ್ನೂ ತಿದ್ದಿದ.

ಯಾರೂ ಬೈಯದೆ ಬಿಟ್ಟದ್ದು ಒಂದೇ ಅಕ್ಷರ, ಕ್ಷ. ಅದು ಮಾಯಣ್ಣನಿಗೆ ಬಗ್ಗಿರಲಿಲ್ಲ. ಶಾಲೆಯ ಕರಿಹಲಗೆಯ ಮೇಲಿನಂತೆ ಸೆಟೆದು ನಿಂತಿತ್ತು. ಅದನ್ನು ನೋಡಿದವರೆಲ್ಲ, "ಇದು ಚೆನ್ನಾಗೈತೆ ಬುಡು," ಎಂದು ಮುಂದೆ ಹೋದರು. ಸರಿ, ಜನಕ್ಕೆ ಬೇಕಾದದ್ದು ಇದು ಅಂದುಕೊಂಡು ಉಳಿದವನ್ನೆಲ್ಲ ಕ್ಷದ ಮಟ್ಟಕ್ಕೆ ತಂದ. ಬಿಳಿ ಬಣ್ಣದ ಮೇಲೆ ಬಿಳಿ ಬಣ್ಣ ಬಿದ್ದು ಹಾಳೆ ರೊಟ್ಟಿಯಷ್ಟು ದಪ್ಪವಾಯಿತು. ಬೆರಳಿನ ರಕ್ತ ಅಲ್ಲಲ್ಲಿ ತಾಗಿದ್ದನ್ನೂ ಅದೇ ಬಿಳಿಯಿಂದ ಮುಚ್ಚಿದ.

ಬುಧವಾರದ ಹೊತ್ತಿಗೆ ಬೈಯುವವರೇ ಇಲ್ಲವಾದರು. ಬರುತ್ತಿದ್ದರು, ಚೆನ್ನಾಗೈತೆ ಎನ್ನುತ್ತಿದ್ದರು, ಹೋಗುತ್ತಿದ್ದರು. ಗೆದ್ದೆ ಅಂದುಕೊಂಡ ಮಾಯಣ್ಣ. ಗೆದ್ದವನಿಗೆ ಅನ್ನ ಯಾಕೆ ಸೇರುತ್ತಿಲ್ಲ ಎಂಬುದು ಮಾತ್ರ ತಿಳಿಯಲಿಲ್ಲ.

ಗುರುವಾರ ಬೆಳಿಗ್ಗೆ ಶುಕೂರ್ ಸಾಹೇಬರು ಅವನನ್ನು ಗೂಡು ನೋಡಲು ಕರೆದೊಯ್ದರು. ಮೊದಲ ಲಾಟು ತೆಳು, ಸುಕ್ಕು ಸುಕ್ಕು. ಮಾಯಣ್ಣ ಒಂದು ಗೂಡು ಒತ್ತಿ ನೋಡಿ, ಅದರ ರೈತನಿಗೆ "ಚೆನ್ನಾಗೈತೆ ಕಣಣ್ಣ," ಎಂದು ಮುಂದೆ ನಡೆದ. ಎರಡನೆಯದು ಕೈಲಾಂಚದ ಗಂಗಯ್ಯನದು. ಎಂಥ ಗೂಡು! ಒಂದನ್ನು ಎಸೆದರೆ ಕಲ್ಲು ಒಡೆಯಬೇಕು, ಅಷ್ಟು ಗಟ್ಟಿ. ಮಾಯಣ್ಣ ಹಿಡಿ ತುಂಬ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ. ನಾಲಿಗೆ ತಾನಾಗಿಯೇ ಹೊರಟಿತು.

"ಏನ್ ಗಂಗಯ್ಯಣ್ಣ, ಹುಳಕ್ಕೆ ಸೊಪ್ಪು ಹಾಕಿದ್ದೋ ಬರೀ ಬುದ್ಧಿ ಹೇಳಿ ಮಲಗ್ಸಿದ್ದೋ? ಇದನ್ನ ಗೂಡು ಅಂತ ಯಾವನು..."

ಮಾತು ಅಲ್ಲಿಗೇ ನಿಂತಿತು. ಹಿಡಿಯ ಗೂಡುಗಳು ರಾಶಿಯ ಮೇಲೆ ಉದುರಿದವು.

ಮಾರ್ಕೆಟ್ಟಿನಲ್ಲಿ ಬೇಕಾದ ಮಾಲನ್ನು ಹೊಗಳಿದವರುಂಟೇ? ಬೇಡದ್ದಕ್ಕೆ ಚೆನ್ನಾಗೈತೆ ಎನ್ನುವುದು, ಬೇಕಾದ್ದರ ಮುಂದೆ ನಿಂತು ವಂಶ ಜಾಲಾಡುವುದು, ಇದು ಇಲ್ಲಿನ ಕೂಸಿಗೂ ಗೊತ್ತು. ಇದೇ ಕಸುಬಿನಲ್ಲಿ ಊರಿಗೆಲ್ಲ ಹೆಸರಾದ ತಾನು ಅವರು ಬೈದದ್ದನ್ನೆಲ್ಲ ಅಳಿಸಿ, ಬಿಟ್ಟುಹೋದದ್ದನ್ನು ಉಳಿಸಿಕೊಂಡು ಕೂತಿದ್ದ. ಶುಕೂರ್ ಸಾಹೇಬರು ಕೂಗುತ್ತಿದ್ದಂತೆಯೇ ರಸ್ತೆ ದಾಟಿ ಓಡಿದ.

ಹೋಟ್ಲಿನಲ್ಲಿ ಹಾಳೆಯ ಬಿಳಿ ಬಣ್ಣವನ್ನು ಉಗುರಿನಿಂದ ಕೆರೆದ. ಅಡಿಯ ಗೆರೆಯೂ ಪುಡಿಯಾಗಿ ಉದುರಿತು. ಫಿಲೇಚರಿನ ಗೋಡೆಯದನ್ನು ತಾನೇ ಎಂದೋ ಅಳಿಸಿದ್ದ, ಹಳೆಯ ಮ ಇನ್ನು ಭೂಮಿಯ ಮೇಲೆಲ್ಲೂ ಇರಲಿಲ್ಲ.

"ಅಕ್ಕ, ಮೊದ್ಲಿನ್ ಹಾಳೆ ಹೆಂಗಿತ್ತು, ನೀನೇ ಹೇಳು," ಎಂದ.

ಮುನಿರತ್ನಮ್ಮ ಗ್ಲಾಸು ತೊಳೆಯುತ್ತಲೇ ಇದ್ದಳು. "ಅಕ್ಸರ ನಂಗೇನ್ ಗೊತ್ತು? ಆವಾಗ ಜನ ಟೀ ಆರೋಗಂಟ ನಿಂತ್ಕೊಳ್ಳೋರು, ಬೆಂಚೇ ಖಾಲಿಯಾಗ್ತಿರ್ಲಿಲ್ಲ. ಈಗ ಗಟಗಟ ಕುಡ್ದು ಹೋಯ್ತಾರೆ. ನನ್ ವ್ಯಾಪಾರಕ್ಕೆ ಈಗ್ಲೇ ವಾಸಿ."

ಹೊಸ ಹಾಳೆ ತಂದು ಬೆಂಚಿನ ಮೇಲೆ ಹಾಸಿದ. ಕುಂಚ ಎತ್ತಿದರೆ ಬಿತ್ತು. ಮತ್ತೆ ಎತ್ತಿದ, ಮತ್ತೆ ಬಿತ್ತು. ಹೆಬ್ಬೆರಳು ಮುಷ್ಕರ ಹೂಡಿತ್ತು. ಎಡಗೈಯಲ್ಲಿ ಅದನ್ನು ಒತ್ತಿ ಹಿಡಿದು ಗೋಗರೆದ, ಬೈದ, ಕೊನೆಗೆ ಬೆಂಚಿಗೆ ತಲೆಯಿಟ್ಟು ಅತ್ತ. ಆ ಅಳುವಿಗೆ ಒಲೆಯ ಮೇಲಿನ ಹಾಲು ಉಕ್ಕುವುದನ್ನು ನಿಲ್ಲಿಸಿತು ಎಂದು ಜನ ಹೇಳುತ್ತಾರೆ. ಹಾಲು ಉಕ್ಕಿ ಒಲೆ ಆರಿದ್ದು ನಿಜ, ಯಾಕೆಂದರೆ ಮುನಿರತ್ನಮ್ಮ ಅದನ್ನು ಬಿಟ್ಟು ಇವನ ಹತ್ತಿರ ಬಂದಿದ್ದಳು. ಹೂ ಕಟ್ಟುವ ದಾರದಲ್ಲಿ ಕುಂಚವನ್ನು ಅವನ ಬೆರಳುಗಳಿಗೆ ಸುತ್ತಿ ಕಟ್ಟಿದಳು. ದಾರ ಬಿರಿದ ಗೆಣ್ಣಿಗೆ ಕಚ್ಚಿತು.

ಕಟ್ಟಿದ ಕುಂಚವನ್ನು ಎತ್ತಿ ಇಡುವಂತಿರಲಿಲ್ಲ, ಇಟ್ಟು ಎತ್ತುವಂತಿರಲಿಲ್ಲ. ಮಣಿಕಟ್ಟಿನಿಂದ, ಭುಜದಿಂದ, ಇಡೀ ಮೈಯಿಂದ ಎಳೆದ. ಹಳೆಯದು ಬರಲಿಲ್ಲ. ಬಂದದ್ದು ಬೇರೆ ಏನೋ, ಅಲ್ಲಲ್ಲಿ ನಡುಗಿದ್ದು, ಮೊದಲಿನಿಂದ ಕೊನೆಯವರೆಗೂ ಎಲ್ಲೂ ಬಿಡದೆ ಹೋದದ್ದು. ಕ್ಷ ಕೂಡ ಸಾಲಿನ ಜೊತೆ ಬಗ್ಗಿ ನಡೆಯಿತು. ಬರೆದು ಮುಗಿಸಿ ದಾರ ಕತ್ತರಿಸಿದಾಗ ಬೆರಳು ಅಲುಗಲಿಲ್ಲ. ಇನ್ನೊಂದು ಹಾಳೆ ಈ ಕೈಯಿಂದ ಬರುವುದಿಲ್ಲ ಎಂದು ಅವನಿಗೆ ತಿಳಿಯಿತು.

ಶುಕ್ರವಾರ ಗೋಡೆಗೆ ಹಾಳೆ ಹಚ್ಚಿದ್ದಾಯಿತು. ನಂಜುಂಡಯ್ಯನವರೂ ಗಫಾರನೂ ಬಂದು ಬೆಂಚಿನಲ್ಲಿ ಕೂತರು. ಹೊಗಳಿಕೆ ನಮಗೆ ಬೇಡ, ಜನ ನಿಲ್ಲುತ್ತಾರೋ ಇಲ್ಲವೋ ಅಷ್ಟು ನೋಡುತ್ತೇವೆ ಎಂದರು. ದೊಡ್ಡಆಲಹಳ್ಳಿಯ ಲಕ್ಕಯ್ಯ ಗ್ಲಾಸು ಹಿಡಿದು ಹಾಳೆಯ ಮುಂದೆ ಬಂದ. ಆ ತುದಿಯಿಂದ ಈ ತುದಿಗೆ ಕಣ್ಣು ಹಾಯಿಸಿದ.

"ಚೆನ್ನಾಗೈತೆ ಕಣ್ಲಾ ಮಾಯಣ್ಣ," ಎಂದು ಗ್ಲಾಸು ಇಟ್ಟು ಹೊರಗೆ ನಡೆದ.

ಮಾಯಣ್ಣನ ಕಿವಿಯಲ್ಲಿ ಊರಿನ ಸದ್ದೆಲ್ಲ ಆರಿಹೋಯಿತು. ಯಾರ ಮುಖವನ್ನೂ ನೋಡದೆ ಗೋಡೆಯ ಹತ್ತಿರ ಹೋಗಿ, ಎಡಗೈಯಿಂದ ಹಾಳೆಯ ಒಂದು ಮೂಲೆ ಬಿಡಿಸಿದ. ಫಿಲೇಚರಿನ ಒಲೆ ಉರಿಯುತ್ತಿರುತ್ತದೆ, ಹಾಕಿದರಾಯಿತು. ಎರಡನೆಯ ಮೂಲೆಯೂ ಬಂತು. ಹಾಳೆ ಮುಂದಕ್ಕೆ ಜೋತುಬಿತ್ತು.

ಗೇಟಿನವರೆಗೆ ಹೋಗಿದ್ದ ಲಕ್ಕಯ್ಯ ಅಲ್ಲೇ ನಿಂತಿದ್ದ. ಹಿಂದಿರುಗಿ ನೋಡಿದ. ಟವೆಲ್ಲಿನಿಂದ ಮೂಗು ಒರೆಸಿಕೊಂಡ. ಮತ್ತೆ ರಸ್ತೆ ದಾಟಿ ಬಂದು ಬಾಗಿಲಲ್ಲಿ ನಿಂತು, ಇಳಿದ ಹಾಳೆಯನ್ನು ತನ್ನ ಕುರಿ ಕಾಯುವ ಕೋಲಿನಿಂದ ಮೇಲಕ್ಕೆ ಎತ್ತಿ ಹಿಡಿದ.

"ಅಲ್ಲ ಕಣ್ಲಾ," ಎಂದ, ದನಿ ಏರಿಸುತ್ತ, "ಈ ಮ ಯಾಕ್ಲಾ ಹಿಂಗೆ ನಡುಗ್ತದೆ? ಚಳಿ ಜ್ವರವಾ? ಪಕ್ಕದ್ದರ ಹೆಗಲ ಮ್ಯಾಲೆ ಕೈ ಹಾಕ್ಕೊಂಡು ತೂರಾಡ್ತಾ ಹೋಯ್ತೈತಲ್ಲ, ನಾಚ್ಕೆ ಐತೇನ್ಲಾ ಇದಕ್ಕೆ?"

ಅವನ ಹಿಂದಿನಿಂದ ದಾಸಮ್ಮ ಇಣುಕಿ, ಳ ಅಕ್ಷರಕ್ಕೆ ಮತ್ತೆ ಬಾಲ ಬಂದದ್ದನ್ನು ಕಂಡು ಶಾಪ ಹಾಕಲು ಶುರುಮಾಡಿದಳು. ಬಾಗಿಲು ತುಂಬಿತು. ಗಫಾರ್ ಬೆಂಚಿನಿಂದ ಎದ್ದು, ಜನರ ನಡುವೆ ತೂರಿ, ಅಕ್ಷರದ ಅಳತೆಗೆ ದಾರ ತೆಗೆದ.

ಮಾಯಣ್ಣ ಬಲಗೈಯನ್ನು ಕಂಕುಳಲ್ಲಿ ಅವುಚಿಕೊಂಡ. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಮಾತು ಮಾತ್ರ ಮಾಲು ಮಾರುವವನದ್ದೇ.

"ಬ್ಯಾಡಾಂದ್ರೆ ಬುಡು ಲಕ್ಕಯ್ಯಣ್ಣ," ಎಂದ. "ನಿನ್ನೇನ್ ಯಾರೂ ಕರೀಲಿಲ್ಲ."

ಲಕ್ಕಯ್ಯ ಕೋಲು ಇಳಿಸಲಿಲ್ಲ. ಇನ್ನೊಂದು ಟೀ ಹೇಳಿದ.